ಪ್ಯಾಟ್‌ಡೌನ್: ಜಗಳ ಆಡೋದಾದ್ರೆ ಸರಿಯಾದ ವಿಷಯಕ್ಕೆ ಆಡಿ

"ನಾನೇನು ಟೆರರಿಸ್ಟ್ ಥರ ಕಾಣ್ತೀನಾ?" ಈ ಒಂದು ಪ್ರಶ್ನೆ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಅಮೆರಿಕದ ಏರ್‌ಪೋರ್ಟಲ್ಲಿ ಸೆಕ್ಯುರಿಟಿ ಲೈನಲ್ಲಿ ನಿಂತು ಕೆಲಸ ಮಾಡಿ, ಈಗ ಹೊಸದಾಗಿ ಸೇರೋರಿಗೆ ಟ್ರೈನಿಂಗ್ ಕೊಡೋ ಕೆಲಸದಲ್ಲಿದೀನಿ. ಗೊತ್ತಿರೋರ ಮನೆ ಫಂಕ್ಷನ್ನಿಗೆ ಹೋದ್ರೆ ಊಟದ ಮಧ್ಯದಲ್ಲೇ ಯಾರಾದ್ರೂ ಹಿಡ್ಕೊಂಡು "ನಿಮ್ಮೋರು ನಮ್ಮತ್ತೇನ ಹೆಂಗೆ ತಡವಿದ್ರು ಗೊತ್ತಾ" ಅಂತ ಶುರು ಮಾಡ್ತಾರೆ. ಅವರ ಸಿಟ್ಟು ಸುಳ್ಳು ಅಂತ ನಾನು ಯಾವತ್ತೂ ಹೇಳಲ್ಲ, ಗುರುತು ಪರಿಚಯ ಇಲ್ಲದೋರು ತೊಡೆ ಮೇಲೆ, ಎದೆ ಕೆಳಗೆ ಕೈ ಇಟ್ರೆ ಯಾರಿಗೆ ತಾನೇ ಹಿತ ಅನ್ಸತ್ತೆ. ಹೀಗೆ ಬಟ್ಟೆ ಮೇಲೆ ಕೈ ಆಡಿಸಿ ನೋಡೋ ತಪಾಸಣೆಗೇ ಪ್ಯಾಟ್‌ಡೌನ್ ಅನ್ನೋದು. ಆದ್ರೆ ಅಷ್ಟೂ ಸಿಟ್ಟನ್ನ ಅವರು ಖರ್ಚು ಮಾಡೋ ಜಾಗ ಮಾತ್ರ ತಪ್ಪು, ಇವತ್ತು ಅದೊಂದನ್ನೇ ಬರೀತೀನಿ. ಲ್ಯಾಪ್‌ಟಾಪ್ ತೆಗಿಯೋದು ಇಂಥದ್ದೆಲ್ಲ ನಿಮಗೇ ಗೊತ್ತಿರತ್ತೆ, ಬಿಡಿ.

ಪ್ಯಾಟ್‌ಡೌನ್ ಇಷ್ಟು ಬಿಗಿ ಆಗಿದ್ದಕ್ಕೆ ಹಿನ್ನೆಲೆ ಇದೆ. 2009ರ ಡಿಸೆಂಬರ್ 25ರಂದು ಆಮ್‌ಸ್ಟರ್‌ಡ್ಯಾಮಿಂದ ಡೆಟ್ರಾಯ್ಟಿಗೆ ಬರ್ತಿದ್ದ ವಿಮಾನದಲ್ಲಿ ಒಬ್ಬ ಚಡ್ಡಿಯೊಳಗೆ ಪಿಇಟಿಎನ್ ಅನ್ನೋ ಸ್ಫೋಟಕ ಹೊಲಿಸ್ಕೊಂಡು ಬಂದಿದ್ದ. ಅದರಲ್ಲಿ ಲೋಹ ಇಲ್ಲ, ಹಾಗಾಗಿ ಮೆಟಲ್ ಡಿಟೆಕ್ಟರ್ ಕಮಕ್ ಕಿಮಕ್ ಅನ್ನಲ್ಲ. ಅದು ಸರಿಯಾಗಿ ಹೊತ್ಕೊಳ್ಳಲಿಲ್ಲ, ಪಕ್ಕದೋರು ಹಿಡಿದ್ರು, ಎಲ್ಲರೂ ಬದುಕಿದ್ರು. ಅಲ್ಲಿ ತನಕ ಪ್ಯಾಟ್‌ಡೌನ್ ಮಾಡುವಾಗ ಮರ್ಮದ ಜಾಗಗಳಲ್ಲಿ ಅಂಗೈ ಹಿಂಭಾಗ ಆಡಿಸ್ತಿದ್ರು, 2010ರ ಅಕ್ಟೋಬರ್ ಕೊನೇಲಿ ಟಿಎಸ್ಎ, ಅಂದ್ರೆ ಏರ್‌ಪೋರ್ಟ್ ಸೆಕ್ಯುರಿಟಿ ನೋಡ್ಕೊಳ್ಳೋ ನಮ್ಮ ಇಲಾಖೆ, ಅದನ್ನ ಬದಲಾಯಿಸಿ ಅಂಗೈಯಲ್ಲೇ ತಡವಿ ನೋಡಿ ಅಂತು. ದೇಶ ಎದ್ದು ಕೂತಿತು. ಸ್ಯಾನ್ ಡಿಯೇಗೋದಲ್ಲಿ ಒಬ್ಬ ಯುವಕ ಮುಟ್ಟಿದ್ರೆ ಅರೆಸ್ಟ್ ಮಾಡಿಸ್ತೀನಿ ಅಂತ ಆಫೀಸರ್‌ಗೇ ಹೇಳಿ ಅದನ್ನ ಮೊಬೈಲಲ್ಲಿ ರೆಕಾರ್ಡ್ ಮಾಡಿ ಹಾಕಿದ, ಪೈಲಟ್‌ಗಳ ಯೂನಿಯನ್ನುಗಳು ತಿರುಗಿಬಿದ್ದು ಕೆಲವೇ ವಾರದಲ್ಲಿ ವಿನಾಯ್ತಿ ತಗೊಂಡ್ವು. ಥ್ಯಾಂಕ್ಸ್‌ಗಿವಿಂಗ್ ಹಿಂದಿನ ದಿನ, ನವೆಂಬರ್ 24ಕ್ಕೆ, ಎಲ್ಲರೂ ಮೈ ಪೂರ್ತಿ ನೋಡೋ ಸ್ಕ್ಯಾನರ್ ಬೇಡ, ಪ್ಯಾಟ್‌ಡೌನೇ ಮಾಡಿ ಅನ್ನಿ, ಲೈನ್ ನಿಂತೋಗ್ಲಿ ಅಂತ ಒಂದು ಚಳವಳಿಗೆ ಕರೆ ಕೊಟ್ರು, ಅದು ಮಾತ್ರ ಠುಸ್ ಆಯ್ತು, ಹಬ್ಬಕ್ಕೆ ಮನೆ ಸೇರೋ ಆತುರದಲ್ಲಿ ಯಾರು ಸತ್ಯಾಗ್ರಹ ಮಾಡ್ತಾರೆ ಹೇಳಿ. ಆಗ ವಾಷಿಂಗ್ಟನ್ ಪೋಸ್ಟ್ ಮತ್ತೆ ಎಬಿಸಿ ಸೇರಿ ಮಾಡಿದ ಸಮೀಕ್ಷೇಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಸ್ಕ್ಯಾನರ್ ಓಕೆ ಅಂದಿದ್ರು, ಪ್ಯಾಟ್‌ಡೌನ್ ಅತಿಯಾಯ್ತು ಅಂದೋರು ಅರ್ಧದಷ್ಟು. ಮೆಷಿನ್ ನೋಡಿದ್ರೆ ಪರವಾಗಿಲ್ಲ, ಮನುಷ್ಯ ಮುಟ್ಟಬಾರದು ಅನ್ನೋ ಈ ಲೆಕ್ಕ ನನಗೆ ಚೆನ್ನಾಗೇ ಅರ್ಥ ಆಗತ್ತೆ.

ಆಮೇಲೆ 2015ರಲ್ಲಿ ಇನ್ನೊಂದು ಸುದ್ದಿ ಹೊರಗೆ ಬಂತು. ಗುಟ್ಟಾಗಿ ಪ್ರಯಾಣಿಕರ ವೇಷದಲ್ಲಿ ಬಂದ ಸರ್ಕಾರಿ ಪರೀಕ್ಷಕರು 70 ಪ್ರಯತ್ನದಲ್ಲಿ 67 ಸಲ ನಕಲಿ ಬಾಂಬು, ಆಯುಧ ಎಲ್ಲ ದಾಟಿಸ್ಕೊಂಡು ಹೋಗಿದ್ರು. ನಮ್ಮ ಇಲಾಖೆ ಮಾನ ಹೋಗಿದ್ದು ಅವತ್ತು. 2017ರ ಮಾರ್ಚಲ್ಲಿ ಅಲ್ಲಿ ತನಕ ಇದ್ದ ಐದು ಬಗೆಯ ಪ್ಯಾಟ್‌ಡೌನ್ ತೆಗೆದು ಒಂದೇ ಬಗೆ ಮಾಡಿದ್ರು, ಮೊದಲಿನದಕ್ಕಿಂತ ಬಿಗಿಯಾದ್ದು. ಜನ ಬಂದು ನಮ್ಮ ಮೇಲೆ ಕೈ ಹಾಕಿದ್ರು ಅಂತ ಕಂಪ್ಲೇಂಟ್ ಕೊಡಬಹುದು ಅಂತ ಊರೂರಿನ ಪೊಲೀಸ್‌ಗೂ ಮೊದಲೇ ತಿಳಿಸಿಟ್ಟಿದ್ರು! ಜನಕ್ಕೆ ಹೇಗನ್ಸತ್ತೆ ಅನ್ನೋದು ಇಲಾಖೆಗೆ ಗೊತ್ತಿಲ್ಲದೆ ಇರಲಿಲ್ಲ, ಅಷ್ಟಂತೂ ಖಾತ್ರಿ.

ಈಗ ವಿಷಯಕ್ಕೆ ಬರ್ತೀನಿ. ಸ್ಕ್ಯಾನರ್ ಒಳಗೆ ನೀವು ಕೈ ಎತ್ತಿ ನಿಂತಾಗ ಹೊರಗೆ ಪರದೆ ಮೇಲೆ ಕಾಣೋದು ಮನುಷ್ಯನ ಒಂದು ಬರೀ ಗೆರೆಚಿತ್ರ, ಎಲ್ಲರಿಗೂ ಅದೇ ಚಿತ್ರ. ಅದರ ಮೇಲೆ ಎಲ್ಲೋ ಒಂದು ಕಡೆ ಹಳದಿ ಚೌಕ ಬರತ್ತೆ. ಅಷ್ಟೇ. ನಿಮ್ಮ ಹೆಸರಿಲ್ಲ, ಕೆಲಸ ಇಲ್ಲ, ವೀಸಾ ಇಲ್ಲ, ಮೊಮ್ಮಗು ನೋಡೋಕೆ ಬಂದಿದೀರಾ ಅನ್ನೋದಿಲ್ಲ. ಆ ಚೌಕ ಕೇಳೋ ಪ್ರಶ್ನೆ ಒಂದೇ, ಈ ಜಾಗದಲ್ಲಿ ಏನೋ ಇದೆ, ಏನದು? ಆಫೀಸರ್ ಕೆಲಸ ಅಂದ್ರೆ ಆ ಪ್ರಶ್ನೆಗೆ ಉತ್ತರ ಹುಡುಕೋದು, ಉತ್ತರ ಸಿಗೋ ತನಕ ನಿಮ್ಮನ್ನ ಮುಂದೆ ಬಿಡೋ ಅಧಿಕಾರ ಅವರಿಗಿಲ್ಲ. ನೀವು ನಾನು ಡಾಕ್ಟ್ರು, ನಾನು ಇಂಥ ಕಂಪ್ನಿ ಮ್ಯಾನೇಜರ್ರು, ಇವರಿಗೆ ಎಪ್ಪತ್ತು ವರ್ಷ ಅಂತ ಎಷ್ಟು ಹೇಳಿದ್ರೂ ಅದು ಚೌಕಕ್ಕೆ ಉತ್ತರ ಆಗಲ್ಲ. ಇದನ್ನ ಸ್ವಲ್ಪ ನಿಧಾನಕ್ಕೆ ಓದಿ, ಯಾಕಂದ್ರೆ ಜನ ಇಲ್ಲೇ ಎಡವೋದು: ನೀವು ಯಾರು ಅಂತ ವಾದ ಮಾಡ್ತಾ ಇರ್ತೀರಾ, ಅವರು ಸೊಂಟದ ಎಡಗಡೆ ಏನಿದೆ ಅಂತ ಕೇಳ್ತಾ ಇರ್ತಾರೆ.

2010ರ ಡಿಸೆಂಬರ್ ಘಟನೆ ನಮ್ಮ ಜನಕ್ಕೆ ನೆನಪಿರಬಹುದು. ಆಗ ಅಮೆರಿಕದಲ್ಲಿ ಭಾರತದ ರಾಯಭಾರಿ ಆಗಿದ್ದ ಮೀರಾ ಶಂಕರ್ ಅವರನ್ನ ಮಿಸಿಸಿಪ್ಪಿಯ ಜಾಕ್ಸನ್ ಏರ್‌ಪೋರ್ಟಲ್ಲಿ ಲೈನಿಂದ ಪಕ್ಕಕ್ಕೆ ಕರೆದು ಪ್ಯಾಟ್‌ಡೌನ್ ಮಾಡಿದ್ರು. ಅವರು ಉಟ್ಟಿದ್ದು ಸೀರೆ, ಅದೇ ಕಾರಣ ಅಂತ ವರದಿ ಆಯ್ತು. ರಾಯಭಾರಿ ಅಂತ ಗೊತ್ತಾದ ಮೇಲೂ ಬಿಡಲಿಲ್ಲ. ಆಗ ವಿದೇಶಾಂಗ ಮಂತ್ರಿ ನಮ್ಮ ಎಸ್.ಎಂ. ಕೃಷ್ಣ ಅವರು, ಇದನ್ನ ಒಪ್ಪೋಕಾಗಲ್ಲ ಅಂದ್ರು. ಕಡೆಗೆ ಟಿಎಸ್ಎ ಮೇಲಿರೋ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆಗೆ ಆಗ ಮುಖ್ಯಸ್ಥೆ ಆಗಿದ್ದ ಜಾನೆಟ್ ನೆಪೊಲಿಟಾನೊ ಎಲ್ಲಾ ನಿಯಮದ ಪ್ರಕಾರವೇ ನಡೆದಿದೆ ಅಂತ ಹೇಳಿ ಮುಗಿಸಿದ್ರು. ಕೃಷ್ಣ ಅವರು ಕೇಳಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ, ಬಟ್ಟೆ ನೋಡಿ ಆರಿಸೋದು ಸರೀನಾ ಅನ್ನೋದು ಕೇಳಬೇಕಾದ ಪ್ರಶ್ನೇನೇ, ಯಾರನ್ನ ಕರೀತಾರೆ ಅನ್ನೋದರಲ್ಲಿ ಪೂರ್ವಗ್ರಹ ಇಲ್ಲವೇ ಇಲ್ಲ ಅಂತ ಪ್ರಮಾಣ ಮಾಡೋಕೂ ನಾನು ತಯಾರಿಲ್ಲ. ಕಪ್ಪು ಹೆಂಗಸರ ಜಡೆ, ಸಿಖ್ಖರ ಪಗಡಿ ಇವುಗಳ ಬಗ್ಗೆ ದೂರುಗಳು ಸುಮ್ಮನೆ ಬಂದಿಲ್ಲ. ಆದ್ರೆ ಅದನ್ನ ಕೋರ್ಟಲ್ಲಿ, ಪಾರ್ಲಿಮೆಂಟಲ್ಲಿ, ಪೇಪರಲ್ಲಿ ಕೇಳಬೇಕು, ಟ್ರೇ ಪಕ್ಕ ನಿಂತ್ಕೊಂಡು ಕೇಳಿದ್ರೆ ಫ್ಲೈಟ್ ತಪ್ಪತ್ತೆ ಅಷ್ಟೇ.

ಸೀರೆ ಅಂದ್ಮೇಲೆ ಹೇಳ್ತೀನಿ. ನೆರಿಗೆ ಅಷ್ಟೂ ಒಂದೇ ಕಡೆ ಸೇರಿರತ್ತೆ, ಅದಕ್ಕೊಂದು ಸೇಫ್ಟಿ ಪಿನ್, ಒಳಗೆ ಲಂಗದ ಲಾಡಿ ಗಂಟು. ಮೆಷಿನ್ನಿಗೆ ಅದೊಂದು ದಪ್ಪ ಗಂಟು, ಹಳದಿ ಚೌಕ ಬಂದೇ ಬರತ್ತೆ ಅಂತ ಇಟ್ಕೊಳ್ಳಿ. ಒಂದ್ಸಲ ಹೀಗೇ ಒಬ್ಬ ಅಜ್ಜಿ ಬಂದ್ರು, ಸೊಂಟದ ಹತ್ರ ಚೌಕ. ಹಿಂದೆ ಮಗ. ನಾನು ಗ್ಲೌಸ್ ಹಾಕ್ಕೊಳ್ಳೋ ಅಷ್ಟರಲ್ಲೇ ಅವನು ಇಂಗ್ಲಿಷಲ್ಲಿ ಶುರು ಮಾಡಿದ, ಅವರು ರಿಟೈರ್ಡ್ ಹೆಡ್‌ಮಿಸ್ಟ್ರೆಸ್ಸು, ಇದು ಅವಮಾನ, ನಿಮ್ಮ ಹೆಸರು ಹೇಳಿ, ಸೂಪರ್‌ವೈಸರ್ ಕರೀರಿ. ನಾನು ಕನ್ನಡದಲ್ಲಿ "ಅಜ್ಜಿ, ಸೊಂಟದಲ್ಲಿ ಏನಾದ್ರೂ ಸಿಕ್ಕಿಸ್ಕೊಂಡಿದೀರಾ?" ಅಂದೆ. ಅವರ ಮುಖ ಅರಳಿತು ನೋಡಿ. "ಅಯ್ಯೋ ಕನ್ನಡದೋಳಾ ನೀನು! ಲವಂಗ ಕಣಮ್ಮ, ವಿಮಾನದಲ್ಲಿ ಕೆಮ್ಮು ಬರತ್ತೆ ಅಂತ" ಅಂತ ಹೇಳಿ ಸೊಂಟದಿಂದ ಕರ್ಚೀಫಿನ ಒಂದು ಪುಟ್ಟ ಗಂಟು ತೆಗೆದು ನನ್ನ ಕೈಗೇ ಕೊಟ್ರು. ಆದ್ರೂ ಕೈ ಆಡಿಸಲೇಬೇಕಿತ್ತು, ಹೇಳಿ ಹೇಳಿ ಆಡಿಸಿದೆ, ಪಿನ್ ಸಿಕ್ತು, ಮುಗೀತು. ಅಜ್ಜಿ ಮಗನ ಕಡೆ ತಿರುಗಿ "ಸುಮ್ನಿರೋ ಮಾರಾಯ, ಡಾಕ್ಟ್ರು ಮುಟ್ಟಲ್ವಾ" ಅಂದ್ರು. ಅವನ ಸಿಟ್ಟು ಇಳೀಲಿಲ್ಲ ಬಿಡಿ. ಇಷ್ಟೆಲ್ಲ ಕೂಗಾಡಿದ ಮಗ ಅಮ್ಮನ ಪರವಾಗಿ ಕೇಳಬಹುದಾಗಿದ್ದ ಒಂದನ್ನೂ ಕೇಳಿರಲಿಲ್ಲ, ಮರೆಗೆ ಕರ್ಕೊಂಡು ಹೋಗಿ ಅಂತ ಕೇಳಿಲ್ಲ, ಅಮ್ಮಂಗೆ ಮಂಡಿ ನೋವಿದೆ ಕುರ್ಚಿ ಕೊಡಿ ಅಂತ ಕೇಳಿಲ್ಲ. ಕುರ್ಚಿ ಎರಡೇ ಹೆಜ್ಜೆ ದೂರದಲ್ಲಿತ್ತು!

ನಾನು ಇಷ್ಟು ಹೊತ್ತು ಒದ್ದಾಡ್ತಿರೋದು ಇದನ್ನ ಹೇಳೋಕೇನೇ. ಮುಟ್ಟಬೇಕಾ ಬೇಡ್ವಾ ಅನ್ನೋದು ಒಂದ್ಸಲ ಸ್ಕ್ರೀನಿಂಗ್ ಶುರುವಾದ ಮೇಲೆ ನಿಮ್ಮ ಕೈಲಿಲ್ಲ. ಎಲ್ಲಿ, ಯಾರ ಮುಂದೆ, ಯಾವ ರೀತಿ ಅನ್ನೋದು ಬಹುಮಟ್ಟಿಗೆ ನಿಮ್ಮ ಕೈಲಿದೆ. ಪ್ರೈವೇಟ್ ರೂಮ್ ಕೇಳಬಹುದು, ಯಾವ ಹಂತದಲ್ಲಾದ್ರೂ ಸರಿ. ರೂಮಿಗೆ ನಿಮ್ಮ ಜೊತೆ ಬಂದಿರೋರನ್ನ ಕರ್ಕೊಂಡು ಹೋಗಬಹುದು. ಹೆಂಗಸರನ್ನ ಹೆಂಗಸರೇ ಮುಟ್ಟಬೇಕು, ಗಂಡಸರನ್ನ ಗಂಡಸರು. ಮುಟ್ಟೋ ಮೊದಲು ಎಲ್ಲಿ ಹೇಗೆ ಅಂತ ಆಫೀಸರ್ ಹೇಳಬೇಕು, ಹೇಳದೆ ಹೋದ್ರೆ ನಿಲ್ಲಿಸಿ ಕೇಳಿ. ಗ್ಲೌಸ್ ಹೊಸದು ಹಾಕಿ ಅನ್ನಿ, ಕೈ ಎತ್ತೋಕಾಗಲ್ಲ ಅನ್ನಿ, ಕೂರಬೇಕು ಅನ್ನಿ, ಇಲ್ಲಿ ಆಪರೇಷನ್ ಆಗಿದೆ ನೋವಿದೆ ಅನ್ನಿ. ಇನ್ಸುಲಿನ್ ಪಂಪು, ಮಲ ಮೂತ್ರ ಸೇರೋಕೆ ಹೊಟ್ಟೆ ಹತ್ರ ಹಾಕಿರೋ ಚೀಲ, ಆಪರೇಷನ್ ಆದ್ಮೇಲೆ ಹಾಕ್ಕೊಳ್ಳೋ ಕೃತಕ ಎದೆ, ಇವನ್ನ ಬಿಚ್ಚಿ ತೋರಿಸಬೇಕಾಗಿಲ್ಲ. ಚೀಲದ ಮೇಲೆ ನೀವೇ ಕೈ ಆಡಿಸಿದ್ರೆ ಆಮೇಲೆ ನಿಮ್ಮ ಕೈಯನ್ನ ಸ್ವ್ಯಾಬ್ ಮಾಡಿ, ಅಂದ್ರೆ ಒರೆಸಿ ತೆಗೆದು ಸ್ಫೋಟಕದ ಕಣ ಇದೆಯಾ ಅಂತ ಮೆಷಿನ್ನಲ್ಲಿ ನೋಡ್ತಾರೆ, ಪಗಡಿಗೂ ಹಾಗೇ ಮಾಡಬಹುದು. 2010ರ ನವೆಂಬರಲ್ಲಿ ಡೆಟ್ರಾಯ್ಟಲ್ಲಿ ಕ್ಯಾನ್ಸರಿಂದ ಗುಣವಾಗಿದ್ದ ಒಬ್ಬರ ಮೂತ್ರದ ಚೀಲದ ಸೀಲು ಪ್ಯಾಟ್‌ಡೌನಲ್ಲಿ ಕಿತ್ತು, ಪಾಪ, ಮೈಮೇಲೆಲ್ಲ ಚೆಲ್ಲಿ ಅದೇ ಬಟ್ಟೇಲಿ ವಿಮಾನ ಹತ್ತಿದ್ರು. ಅವರು ಮೊದಲೇ ಹೇಳೋಕೆ ಹೋಗಿದ್ರು, ಆಫೀಸರ್ ಕೇಳಿಸ್ಕೊಳ್ಳಲಿಲ್ಲ. ಟಿಎಸ್ಎ ಮುಖ್ಯಸ್ಥರೇ ಫೋನ್ ಮಾಡಿ ಕ್ಷಮೆ ಕೇಳಿದ್ರು. ಟ್ರೈನಿಂಗಲ್ಲಿ ನಾನು ಹುಡುಗ್ರಿಗೆ ಈ ಕಥೆ ಹೇಳದೆ ಯಾವ ಬ್ಯಾಚನ್ನೂ ಬಿಡಲ್ಲ.

ಇನ್ನು ಕೆಲವರಿಗೆ ಮುಟ್ಟಿಸ್ಕೊಳ್ಳೋದು ಬರೀ ಮುಜುಗರ ಆಗಿರಲ್ಲ, ಹಿಂದೆ ಏನೋ ಆಗಿರತ್ತೆ, ಅದು ಆ ಕ್ಷಣಕ್ಕೆ ಎದ್ದು ಬರತ್ತೆ. ನಡುಗ್ತಾರೆ, ಅಳ್ತಾರೆ, ಕೆಲವರು ಕಲ್ಲಾಗಿ ನಿಂತುಬಿಡ್ತಾರೆ. ದಯವಿಟ್ಟು "ನನಗೆ ಮುಟ್ಟಿದ್ರೆ ಕಷ್ಟ ಆಗತ್ತೆ" ಅಂತ ಒಂದು ಮಾತು ಹೇಳಿ, ಕಾರಣ ಹೇಳಬೇಕಾಗಿಲ್ಲ, ಕೇಳೋ ಹಕ್ಕು ಯಾರಿಗೂ ಇಲ್ಲ. ಒಳ್ಳೆ ಆಫೀಸರ್ ಆಗಿದ್ರೆ ನಿಧಾನ ಮಾಡ್ತಾರೆ, ಪ್ರತಿ ಹೆಜ್ಜೆಗೂ ನಿಂತು ಹೇಳ್ತಾರೆ. ಪ್ರಯಾಣಕ್ಕೆ 72 ಗಂಟೆ ಮೊದಲು ಟಿಎಸ್ಎ ಕೇರ್ಸ್ ಅನ್ನೋ ಸಹಾಯವಾಣಿಗೆ ಫೋನ್ ಮಾಡಿ ಹೇಳಿಟ್ರೆ ಇನ್ನೂ ವಾಸಿ.

ಬಿಟ್ಟು ಹೋಗ್ತೀನಿ, ಟಿಕೆಟ್ ಹಾಳಾಗ್ಲಿ ಅನ್ನೋರೂ ಇದ್ದಾರೆ. ಆಗಲ್ಲ. 2007ರಲ್ಲಿ ಆಕಾಯ್ ಅನ್ನೋ ಕೇಸಲ್ಲಿ ಒಂಬತ್ತನೇ ಸರ್ಕ್ಯೂಟ್ ಅನ್ನೋ ಫೆಡರಲ್ ಅಪೀಲು ಕೋರ್ಟು ಹೇಳಿದ ಪ್ರಕಾರ ಸ್ಕ್ರೀನಿಂಗ್ ಶುರುವಾದ ಮೇಲೆ ಮಧ್ಯದಲ್ಲಿ ಒಪ್ಪಿಗೆ ವಾಪಸ್ ತಗೊಂಡು ಹೊರಗೆ ಹೋಗೋಕೆ ಬರಲ್ಲ, ಹಾಗೆ ಬಿಟ್ರೆ ಕೆಟ್ಟ ಉದ್ದೇಶ ಇರೋರು ಸಿಕ್ಕಿಹಾಕ್ಕೊಳ್ಳೋ ಹಾಗಾದಾಗೆಲ್ಲ ವಾಪಸ್ ಹೋಗಿ ಇನ್ನೊಂದ್ಸಲ ಬರ್ತಾರೆ ಅನ್ನೋದು ವಾದ. ಸ್ಯಾನ್ ಡಿಯೇಗೋದ ಯುವಕನಿಗೂ ದಂಡದ ಬೆದರಿಕೆ ಹಾಕಿದ್ದು ಮುಟ್ಟಬೇಡ ಅಂದಿದ್ದಕ್ಕಲ್ಲ, ಅರ್ಧದಲ್ಲಿ ಹೊರಟಿದ್ದಕ್ಕೆ. ನಾನು ವಕೀಲೆ ಅಲ್ಲ, ನಿಮ್ಮ ಕೇಸ್ ಏನಾಗತ್ತೆ ಅಂತ ನನ್ನ ಕೇಳ್ಬೇಡಿ.

ಇನ್ನೊಂದು ವರ್ಗ ಇದೆ, ಸ್ಕ್ಯಾನರ್ ರೇಡಿಯೇಷನ್ ಬೇಡ ಅಂತ ತಾವೇ ಹೇಳಿ, ಆಮೇಲೆ ಪ್ಯಾಟ್‌ಡೌನ್ ಯಾಕೆ ಅಂತ ರೇಗೋರು. ಸ್ಕ್ಯಾನರ್ ಬೇಡ ಅಂದ್ರೆ ಪೂರ್ತಿ ಪ್ಯಾಟ್‌ಡೌನ್ ಬೇಕು ಅಂತಾನೇ ಅರ್ಥ ಸ್ವಾಮಿ! ಎಕ್ಸ್-ರೇ ಬಳಸ್ತಿದ್ದ ಬ್ಯಾಕ್‌ಸ್ಕ್ಯಾಟರ್ ಮೆಷಿನ್ನುಗಳನ್ನ 2013ರಲ್ಲೇ ಎತ್ತಿಹಾಕಿದ್ದಾರೆ, ಬೆತ್ತಲೆ ಥರದ ಚಿತ್ರ ಬಿಟ್ಟು ಗೆರೆಚಿತ್ರ ತೋರಿಸೋ ಸಾಫ್ಟ್‌ವೇರ್ ಕೊಡೋಕೆ ಅವನ್ನ ಮಾಡಿದ ಕಂಪ್ನಿಗೆ ಆಗಲಿಲ್ಲ ಅಂತ. ಈಗಿರೋದು ಮಿಲಿಮೀಟರ್ ವೇವ್, ರೇಡಿಯೋ ಅಲೆಗಳ ಜಾತಿಯದು, ಎಕ್ಸ್-ರೇ ಅಲ್ಲ.

ಕೈಗೆ ಗ್ಲಿಸರಿನ್ ಇರೋ ಲೋಷನ್ ಹಚ್ಕೊಂಡು ಬರೋದನ್ನೂ ಬಿಡಿ. ಸ್ವ್ಯಾಬ್ ಮೆಷಿನ್ ಸ್ಫೋಟಕದ ಕಣ ಹುಡುಕತ್ತೆ, ಲೋಷನ್, ಗೊಬ್ಬರ, ಎದೆನೋವಿಗೆ ನಾಲಿಗೆ ಕೆಳಗೆ ಇಟ್ಕೊಳ್ಳೋ ನೈಟ್ರೋಗ್ಲಿಸರಿನ್ ಮಾತ್ರೆ ಇವುಗಳಿಗೂ ಒಮ್ಮೊಮ್ಮೆ ಕೂಗಿಬಿಡತ್ತೆ. ಕೂಗಿದ್ರೆ ಇನ್ನೊಂದು ಸುತ್ತು, ಅದು ಇನ್ನೂ ಬಿಗಿ. ಅದರ ಒಳಗಿನ ವಿವರ ನಾನು ಹೇಳೋ ಹಾಗಿಲ್ಲ, ನಿಯಮ ಇದೆ.

ಕೊನೆಗೆ ದೂರು. ಆಫೀಸರ್ ನಿಜವಾಗ್ಲೂ ತಪ್ಪು ಮಾಡಿದ್ರೆ, ಮಾಡೋರು ಇದ್ದಾರೆ, ಅಲ್ಲೇ ಸೂಪರ್‌ವೈಸರ್ ಕೇಳಿ. 2019ರಲ್ಲಿ ಪೆಲ್ಲೆಗ್ರಿನೋ ಕೇಸಲ್ಲಿ ಮೂರನೇ ಸರ್ಕ್ಯೂಟ್ ಕೋರ್ಟು ಸ್ಕ್ರೀನಿಂಗ್ ಆಫೀಸರ್‌ಗಳು ಬೇಕಂತಲೇ ಮಾಡಿದ ತಪ್ಪಿಗೆ ಸರ್ಕಾರದ ಮೇಲೆ ದಾವೆ ಹಾಕಬಹುದು ಅಂತ ಹೇಳಿದೆ, ಅಂದ್ರೆ ದೂರಿಗೆ ಬೆಲೆ ಇದೆ. ಆದ್ರೆ "ತುಂಬಾ ರೂಡ್ ಆಗಿ ನಡ್ಕೊಂಡ್ರು" ಅಂತ ಬರೆದ್ರೆ ಅದನ್ನ ಹಿಡ್ಕೊಂಡು ಯಾರೂ ಏನೂ ಮಾಡೋಕಾಗಲ್ಲ. ಎಷ್ಟು ಗಂಟೆಗೆ, ಯಾವ ಚೆಕ್‌ಪಾಯಿಂಟು, ಎಷ್ಟನೇ ಲೇನು, ಮುಟ್ಟೋ ಮೊದಲು ಹೇಳಿದ್ರಾ ಇಲ್ವಾ, ರೂಮ್ ಕೇಳಿದ್ದಕ್ಕೆ ಏನಂದ್ರು, ಇಷ್ಟನ್ನ ಗೇಟಲ್ಲಿ ಕೂತಾಗಲೇ ಫೋನಲ್ಲಿ ಬರೆದಿಟ್ಕೊಳ್ಳಿ, ಕ್ಯಾಮೆರಾ ಫೂಟೇಜ್ ಹುಡುಕೋಕೆ ಬೇಕಾಗೋದು ಇದೇ. ಮತ್ತೆ ಪ್ರೈವೇಟ್ ರೂಮಿಗೆ ಹೋಗುವಾಗ ಬೆಲ್ಟ್ ಮೇಲೆ ಬಿಟ್ಟಿರೋ ಪರ್ಸು, ಒಡವೆ, ಪಾಸ್‌ಪೋರ್ಟ್ ಎಲ್ಲ ಜೊತೇಲೇ ತರೋಕೆ ಆಫೀಸರ್‌ಗೆ ಹೇಳಿ, ಸಿಟ್ಟಲ್ಲಿ ಅದನ್ನ ಮರೆಯೋರೇ ಜಾಸ್ತಿ.