ಯಾವ ಚರ್ಚಿಲ್, ಯಾವ ಜೋರ್ಡಾನ್? ಒಂದೇ ಹೆಸರಿನ ದೊಡ್ಡವರ ಗೋಜಲು

ಮೈಕಲ್ ಜೋರ್ಡಾನ್ ಅಂದರೆ ಹೆಚ್ಚಿನವರಿಗೆ ಬ್ಯಾಸ್ಕೆಟ್‌ಬಾಲ್ ನೆನಪಾಗುತ್ತದೆ. ಕಂಪ್ಯೂಟರ್ ವಿಜ್ಞಾನ ಓದಿದವರನ್ನು ಕೇಳಿ ನೋಡಿ, ಬರ್ಕ್ಲಿಯ ಪ್ರೊಫೆಸರ್ ಒಬ್ಬರ ಬಗ್ಗೆ ಹೇಳುತ್ತಾರೆ. ಮಷೀನ್ ಲರ್ನಿಂಗ್‌ನಲ್ಲಿ ಅವರದು ದೊಡ್ಡ ಹೆಸರು. ಸಿನಿಮಾ ನೋಡುವವರಿಗೆ ಇನ್ನೊಬ್ಬರು ಗೊತ್ತು, ಅವರು ನಟ. ಪ್ರೊಫೆಸರು ಹೆಸರಿನ ನಡುವೆ 'ಐ' ಹಾಕಿಕೊಳ್ಳುತ್ತಾರೆ. ನಟ 'ಬಿ' ಹಾಕಿಕೊಳ್ಳುತ್ತಾರೆ. ಆಟಗಾರ ಏನೂ ಹಾಕಿಕೊಳ್ಳುವುದಿಲ್ಲ. ಅವರಿಗೆ ಅದರ ಅಗತ್ಯ ಬಿದ್ದಿಲ್ಲ.

ಒಂದೇ ಹೆಸರಿನ ಹಲವರು ಪ್ರಸಿದ್ಧರಾದಾಗ ಬರೀ ಹೆಸರು ಯಾರಿಗೆ ಉಳಿಯುತ್ತದೆ, ಬಾಲ ಯಾರು ಅಂಟಿಸಿಕೊಳ್ಳಬೇಕು ಅನ್ನುವುದೇ ಇಲ್ಲಿನ ಜಗಳ. ಈಗ ಇದನ್ನು ಗ್ರಂಥಾಲಯಗಳು ಒಂದು ರೀತಿ ತೀರ್ಮಾನಿಸುತ್ತವೆ, ವಿಜ್ಞಾನ ಪತ್ರಿಕೆಗಳು ಇನ್ನೊಂದು ರೀತಿ. ನಟರ ಸಂಘ, ಚುನಾವಣಾ ಆಯೋಗ, ವಿಮಾನ ನಿಲ್ದಾಣ, ಸರ್ಚ್ ಎಂಜಿನ್ ಎಲ್ಲಕ್ಕೂ ಅವುಗಳದೇ ಲೆಕ್ಕ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೊಂದುವುದಿಲ್ಲ. ಹಾಗಾಗಿ ಸ್ವಲ್ಪ ಹಿಂದಿನಿಂದ ಬರೋಣ.

ಈ ಗೊಂದಲದಿಂದ ಪ್ರಾಣವೇ ಹೋದದ್ದುಂಟು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್‌ನ ಅಂತ್ಯಕ್ರಿಯೆ ಮುಗಿದ ಹೊತ್ತಿಗೆ ರೋಮಿನ ಜನ ರೊಚ್ಚಿಗೆದ್ದಿದ್ದರು. ಸೀಸರ್ ವಿರುದ್ಧ ಭಾಷಣ ಮಾಡಿದ್ದ ಕಾರ್ನೀಲಿಯಸ್ ಸಿನ್ನಾನನ್ನು ಒಂದು ಗುಂಪು ಹುಡುಕುತ್ತಿತ್ತು. ಅವರ ಕೈಗೆ ಸಿಕ್ಕಿದ್ದು ಹೆಲ್ವಿಯಸ್ ಸಿನ್ನಾ. ಇವನು ಸೀಸರ್‌ನ ಗೆಳೆಯ, ಪ್ಲುಟಾರ್ಕ್ ಹೇಳುವಂತೆ ಕವಿ. ಹೆಸರು ಕೇಳಿದ್ದೇ ತಡ ಕೊಂದರು. ತಲೆಯನ್ನು ಈಟಿಗೆ ಸಿಕ್ಕಿಸಿ ಮೆರೆಸಿದರು ಎಂದು ಸ್ಯೂಟೋನಿಯಸ್ ಬರೆದಿದ್ದಾನೆ.

ಚೀನಾದಲ್ಲೂ ಇಂಥದ್ದೊಂದು ಹಳೆಯ ಕಥೆ ಇದೆ. ಕನ್ಫ್ಯೂಷಿಯಸ್‌ನ ಶಿಷ್ಯ ಜೆಂಗ್ ಶೆನ್ ಬಹಳ ಒಳ್ಳೆಯವನು. ಅದೇ ಹೆಸರಿನ ಇನ್ನೊಬ್ಬ ಕೊಲೆ ಮಾಡಿದ. ಜನ ಬಂದು ಶಿಷ್ಯನ ತಾಯಿಗೆ ಹೇಳಿದರು. ಅವಳು ನೇಯುತ್ತಾ ಕೂತಿದ್ದಳು, ನಂಬಲಿಲ್ಲ. ಎರಡನೆಯವನು ಬಂದು ಹೇಳಿದಾಗಲೂ ನಂಬಲಿಲ್ಲ. ಮೂರನೆಯವನೂ ಅದನ್ನೇ ಹೇಳಿದಾಗ ಲಾಳಿ ಬಿಸಾಕಿ ಗೋಡೆ ಹಾರಿ ಓಡಿದಳು.

ಪಂಡಿತರು ಬೇಗ ಎಚ್ಚೆತ್ತರು. ಗ್ರೀಕರಲ್ಲಿ ಮೆಗ್ನೀಷಿಯಾದ ಡಿಮೆಟ್ರಿಯಸ್ ಎಂಬವನು ಕ್ರಿ.ಪೂ. ಒಂದನೇ ಶತಮಾನದಲ್ಲೇ ಒಂದೇ ಹೆಸರಿನ ಕವಿಗಳು, ಲೇಖಕರ ಬಗ್ಗೆ ಪ್ರತ್ಯೇಕ ಪುಸ್ತಕ ಬರೆದ. ಆ ಪುಸ್ತಕ ಉಳಿದಿಲ್ಲ. ಆದರೆ ಅದನ್ನು ಬಳಸಿಕೊಂಡ ಡಯೋಜಿನಿಸ್ ಲಾಯೆರ್ಷಿಯಸ್, ತತ್ವಜ್ಞಾನಿಗಳ ಜೀವನಕಥೆ ಹೇಳಿ ಮುಗಿಸಿದ ಮೇಲೆ ಅದೇ ಹೆಸರಿನ ಬೇರೆಯವರ ಪಟ್ಟಿಯನ್ನೂ ಕೊಡುತ್ತಾನೆ. ಥೇಲ್ಸ್ ಹೆಸರಿನವರು ಇನ್ನೂ ಐವರು. ಥಿಯೋಡೋರಸ್‌ಗಳಂತೂ ಇಪ್ಪತ್ತು ಜನ!

ಹದೀಸ್ ಅಂದರೆ ಪ್ರವಾದಿ ಮುಹಮ್ಮದರ ಮಾತು, ನಡೆಗಳ ವರದಿ. ಅದರ ವಿದ್ವಾಂಸರಿಗೆ ಇದು ಇನ್ನೂ ದೊಡ್ಡ ತಲೆನೋವು. ಒಂದು ಮಾತನ್ನು ಯಾರಿಂದ ಯಾರು ಕೇಳಿದರು ಅನ್ನುವ ಸರಪಳಿ ಮೇಲೆಯೇ ಅದರ ನಂಬಿಕೆ ನಿಂತಿರುತ್ತದೆ. ಸರಪಳಿಯಲ್ಲಿರುವ ವ್ಯಕ್ತಿ ಯಾರೆಂದೇ ತಿಳಿಯದಿದ್ದರೆ ಎಲ್ಲ ಕೆಟ್ಟಿತು. ಬಾಗ್ದಾದಿನ ಅಲ್-ಖತೀಬ್ 11ನೇ ಶತಮಾನದಲ್ಲಿ ಇದಕ್ಕೆಂದೇ ಒಂದು ಗ್ರಂಥ ಬರೆದ. ತಂದೆಯ ಹೆಸರು ಸೇರಿಸಿದರೂ ಬಗೆಹರಿಯದ ಪ್ರಕರಣಗಳಿದ್ದವು. ಅಲ್-ಖಲೀಲ್ ಇಬ್ನ್ ಅಹ್ಮದ್, ಅಂದರೆ ಅಹ್ಮದನ ಮಗ ಖಲೀಲ್, ಎಂಬವರೇ ಆರು ಮಂದಿ ಎಂದು ಮುಂದಿನ ವಿದ್ವಾಂಸರು ಎಣಿಸಿದರು.

ನಮ್ಮ ಸಾಹಿತ್ಯ ಚರಿತ್ರೆಯಲ್ಲೂ ಇದು ಹೊಸದಲ್ಲ. ರಾಜಶೇಖರನ ಹೆಸರಿನಲ್ಲಿರುವ ಶ್ಲೋಕವೊಂದು ಮೂವರು ಕಾಳಿದಾಸರ ಮಾತಾಡುತ್ತದೆ. ಕನ್ನಡದಲ್ಲಿ ಒಂದನೇ ನಾಗವರ್ಮ, ಎರಡನೇ ನಾಗವರ್ಮ ಇದ್ದಾರೆ. ಗಣಿತದಲ್ಲಿ ಏಳನೇ ಶತಮಾನದ ಭಾಸ್ಕರ, ಹನ್ನೆರಡನೇ ಶತಮಾನದ ಭಾಸ್ಕರ. ಈ ಒಂದು, ಎರಡು ಎಲ್ಲ ಚರಿತ್ರೆ ಬರೆದವರು ಆಮೇಲೆ ಅಂಟಿಸಿದ್ದು. ಬದುಕಿದ್ದಾಗ ಯಾರೂ ತಮ್ಮನ್ನು 'ಒಂದನೇ' ಅಂದುಕೊಂಡಿರುವುದಿಲ್ಲ, ಅಲ್ವಾ?

ಇದರ ತಿರುಗುಮುರುಗೂ ಆಗುತ್ತದೆ. 11ನೇ ಶತಮಾನದಲ್ಲಿ ಭಾರತದ ಬಗ್ಗೆ ಬರೆದ ಅಲ್-ಬಿರೂನಿ, ಇಬ್ಬರು ಆರ್ಯಭಟರಿದ್ದಾರೆ ಎಂದು ತಿಳಿದಿದ್ದ. ಅವನು ಹೇಳಿದ ಆ ಇಬ್ಬರೂ ಒಬ್ಬನೇ, ಕ್ರಿ.ಶ. 476ರಲ್ಲಿ ಹುಟ್ಟಿದ ಆರ್ಯಭಟ ಎಂದು ವಿದ್ವಾಂಸರು ತೋರಿಸಿಕೊಡಲು 20ನೇ ಶತಮಾನ ಬರಬೇಕಾಯಿತು. ನಿಜವಾದ ಎರಡನೇ ಆರ್ಯಭಟನೂ ಒಬ್ಬನಿದ್ದಾನೆ. ಅವನು ಬೇರೆ! ಇಬ್ಬರನ್ನು ಒಬ್ಬ ಮಾಡುವುದು ಒಂದು ತಪ್ಪು, ಒಬ್ಬನನ್ನು ಇಬ್ಬರು ಮಾಡುವುದು ಇನ್ನೊಂದು. ಇಂದಿನ ಕಂಪ್ಯೂಟರ್‌ಗಳೂ ಈ ಎರಡೇ ತಪ್ಪು ಮಾಡುತ್ತಿವೆ.

ಮುದ್ರಣ ಬಂತು, ಪತ್ರಿಕೆ ಬಂತು, ಒಂದೇ ಮಾರುಕಟ್ಟೆಯಲ್ಲಿ ಒಂದೇ ಹೆಸರಿನವರು ಎದುರಾಗತೊಡಗಿದರು. ಇದರಲ್ಲಿ ಎಲ್ಲಕ್ಕಿಂತ ಸೊಗಸಾದ ಪ್ರಕರಣ ವಿನ್‌ಸ್ಟನ್ ಚರ್ಚಿಲ್‌ಗಳದು.

1899ರಲ್ಲಿ ಅಮೆರಿಕದ ಓದುಗರಿಗೆ ವಿನ್‌ಸ್ಟನ್ ಚರ್ಚಿಲ್ ಅಂದರೆ ಕಾದಂಬರಿಕಾರ. 1871ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಹುಟ್ಟಿದವರು. ಆ ವರ್ಷ ಬಂದ ಅವರ ಕಾದಂಬರಿ ಭರ್ಜರಿಯಾಗಿ ಮಾರಾಟವಾಗುತ್ತಿತ್ತು. ಇಂಗ್ಲೆಂಡಿನ ಚರ್ಚಿಲ್ ಅವರಿಗಿಂತ ಮೂರು ವರ್ಷ ಚಿಕ್ಕವರು. ಯುದ್ಧದ ಬಗ್ಗೆ ಬರೆದಿದ್ದರು, ಒಂದು ಕಾದಂಬರಿಯನ್ನೂ ಬರೆದಿದ್ದರು. ಕಾದಂಬರಿ ಚೆನ್ನಾಗಿದೆ ಎಂದು ಅಭಿನಂದನೆಗಳು ಬಂದಾಗ ತಮ್ಮದನ್ನೇ ಹೊಗಳುತ್ತಿದ್ದಾರೆ ಅಂದುಕೊಂಡರು. ಆಮೇಲೆ ಗೊತ್ತಾಯಿತು, ಹೊಗಳಿಕೆ ಅಟ್ಲಾಂಟಿಕ್‌ನ ಆಚೆ ದಡದವರಿಗೆ ಸೇರಬೇಕಾದದ್ದು.

ಆ ಜೂನ್‌ನಲ್ಲಿ ಅವರು ಅಮೆರಿಕದ ಚರ್ಚಿಲ್‌ಗೆ ಬಹಳ ಮರ್ಯಾದೆಯ ಒಂದು ಪತ್ರ ಬರೆದರು. ಇಬ್ಬರ ಬರಹವೂ ಬೆರೆತುಹೋಗುವ ಅಪಾಯ ಇದೆ, ಇನ್ನು ಮುಂದೆ ನಾನು ವಿನ್‌ಸ್ಟನ್ ಸ್ಪೆನ್ಸರ್ ಚರ್ಚಿಲ್ ಎಂದು ಸಹಿ ಹಾಕುತ್ತೇನೆ ಎಂದರು. ಅಮೆರಿಕದವರೂ ಅಷ್ಟೇ ಮರ್ಯಾದೆಯಿಂದ ಉತ್ತರಿಸಿದರು. ನನಗೆ ಬೇರೆ ಹೆಸರು ಇದ್ದಿದ್ದರೆ ಖಂಡಿತ ಅದನ್ನು ಸೇರಿಸಿಕೊಳ್ಳುತ್ತಿದ್ದೆ ಎಂದರು. 1900ರ ಕೊನೆಗೆ ಇಬ್ಬರೂ ಬಾಸ್ಟನ್‌ನಲ್ಲಿ ಭೇಟಿಯಾದರು. ಅಮೆರಿಕದವರು ಅತಿಥಿಗೆ ಔತಣ ಕೊಟ್ಟರು. ಅತಿಥಿಯ ಟಪಾಲೆಲ್ಲ ಆತಿಥ್ಯ ಕೊಟ್ಟವರ ವಿಳಾಸಕ್ಕೆ ಹೋಯಿತು, ಔತಣದ ಬಿಲ್ ಅತಿಥಿಯ ಕೈಗೆ ಬಂತು.

ಅಂದು ಬಾಲ ಅಂಟಿಸಿಕೊಂಡದ್ದು ಇಂಗ್ಲೆಂಡಿನವರು, ಯಾಕೆಂದರೆ ಆಗ ಕಡಿಮೆ ಪ್ರಸಿದ್ಧರು ಅವರೇ. ಮುಂದೆ ಅವರು ಪ್ರಧಾನಿಯಾದರು, 1953ರಲ್ಲಿ ಸಾಹಿತ್ಯಕ್ಕೆ ನೊಬೆಲ್ ಪಡೆದರು. ಈಗ ಬರೀ 'ವಿನ್‌ಸ್ಟನ್ ಚರ್ಚಿಲ್' ಅವರದೇ. ಅಮೆರಿಕದವರ ಹೆಸರಿನ ಪಕ್ಕ 'ಕಾದಂಬರಿಕಾರ' ಎಂದು ಆವರಣದಲ್ಲಿ ಬರೆಯಬೇಕು. ಒಪ್ಪಂದ ಆದಾಗ ಬಾಲ ಇದ್ದದ್ದು ಒಬ್ಬರಿಗೆ, ಈಗ ಇರುವುದು ಇನ್ನೊಬ್ಬರಿಗೆ. ಇದನ್ನು ಯಾರೂ ಕೂತು ತೀರ್ಮಾನಿಸಲಿಲ್ಲ.

ಫುಟ್‌ಬಾಲ್‌ನಲ್ಲೂ ಹೀಗೇ ಆಗಿದೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಬ್ರೆಜಿಲ್ ತಂಡದಲ್ಲಿ ರೊನಾಲ್ಡೊ ಗ್ವಿಯಾರೊ ಎಂಬ ಹಿರಿಯ ಆಟಗಾರ ಇದ್ದರು. ಹಾಗಾಗಿ ಮುಂದೆ ಜಗತ್ಪ್ರಸಿದ್ಧರಾದ ರೊನಾಲ್ಡೊ ಅಂಗಿಯ ಮೇಲೆ 'ರೊನಾಲ್ಡಿನೊ', ಅಂದರೆ ಪುಟ್ಟ ರೊನಾಲ್ಡೊ ಎಂದು ಇತ್ತು. ಕೆಲವೇ ವರ್ಷಗಳಲ್ಲಿ ಅವರು ಪುಟ್ಟವರಾಗಿ ಉಳಿಯಲಿಲ್ಲ. ಆ ಹೆಸರು ಇನ್ನೊಬ್ಬರ ಪಾಲಾಯಿತು. ಸಿನಿಮಾದವರು ಇಷ್ಟಕ್ಕೆಲ್ಲ ಕಾಯುವುದಿಲ್ಲ. ಅಮೆರಿಕದ ನಟರ ಸಂಘದಲ್ಲಿ ಮೊದಲು ಬಂದವರಿಗೆ ಹೆಸರು, ಅಷ್ಟೇ. ಮೈಕಲ್ ಕೀಟನ್ ಹುಟ್ಟು ಹೆಸರು ಮೈಕಲ್ ಡಗ್ಲಸ್, ಅದು ಆಗಲೇ ಇನ್ನೊಬ್ಬ ನಟರದಾಗಿತ್ತು. ಎಮ್ಮಾ ಸ್ಟೋನ್ ನಿಜವಾಗಿ ಎಮಿಲಿ. ಕ್ರೂರ ನಿಯಮ ಅನ್ನಿಸಬಹುದು, ಆದರೆ ಗೋಜಲಿಲ್ಲದ ನಿಯಮ.

ಗ್ರಂಥಾಲಯಗಳಿಗೆ ಈ ಸುಖ ಇಲ್ಲ. ಸತ್ತವರಿಗೆ ಹೆಸರು ಬದಲಿಸಿಕೊಳ್ಳಿ ಅನ್ನಲಾಗುವುದಿಲ್ಲ. 1841ರಲ್ಲಿ ಬ್ರಿಟಿಷ್ ಮ್ಯೂಸಿಯಂ 91 ನಿಯಮಗಳ ಪಟ್ಟಿ ಅಚ್ಚು ಹಾಕಿತು. ಅಲ್ಲಿಂದ ಮುಂದೆ ಲೇಖಕರ ಹೆಸರನ್ನು ಹೇಗೆ ನಮೂದಿಸಬೇಕು ಅನ್ನುವುದೇ ಒಂದು ಶಾಸ್ತ್ರವಾಯಿತು. ಅವರು ಕಂಡುಕೊಂಡ ಮುಖ್ಯ ಉಪಾಯ ಇಸವಿ. ಫ್ರಾನ್ಸಿಸ್ ಬೇಕನ್, 1561–1626 ಅಂದರೆ ತತ್ವಜ್ಞಾನಿ. ಫ್ರಾನ್ಸಿಸ್ ಬೇಕನ್, 1909–1992 ಅಂದರೆ ಚಿತ್ರಕಾರ. ಬದುಕಿರುವವರಿಗೆ ಹುಟ್ಟಿದ ವರ್ಷ, ಮುಂದೆ ಒಂದು ಗೆರೆ, ಅದರಾಚೆ ಖಾಲಿ.

ನನಗೆ ಈ ಉಪಾಯ ಇಷ್ಟ. ಇಲ್ಲಿ ದೊಡ್ಡವರು, ಸಣ್ಣವರು ಅನ್ನುವ ಭೇದ ಕಡಿಮೆ. ಇಸವಿ ಇಬ್ಬರಿಗೂ ಅಂಟುತ್ತದೆ. ತೊಂದರೆ ಅಂದರೆ ಎಷ್ಟೋ ಜನರ ಹುಟ್ಟಿದ ವರ್ಷವೇ ತಿಳಿಯದು. ಅಂಥವರನ್ನೆಲ್ಲ ಬಹಳ ಕಾಲ ಒಂದೇ ಕಾರ್ಡಿನ ಕೆಳಗೆ ಒಟ್ಟಿಗೆ ಇಡುತ್ತಿದ್ದರು. ಒಬ್ಬ ವೈದ್ಯ, ಒಬ್ಬ ಪಾದ್ರಿ, ಒಬ್ಬ ಎಂಜಿನಿಯರ್, ಮೂವರ ಪುಸ್ತಕವೂ ಒಬ್ಬನೇ ಬರೆದಂತೆ ಕಾಣುತ್ತಿತ್ತು.

ವಿಜ್ಞಾನ ಲೇಖನಗಳ ವಿಷಯಕ್ಕೆ ಬಂದರೆ ಗಂಟು ನಿಜಕ್ಕೂ ಬಿಗಿಯಾಗುತ್ತದೆ. ಗಣಿತದ ಲೇಖನಗಳ ಸೂಚಿ ಸಿದ್ಧಪಡಿಸುವವರು 1940ರಿಂದಲೇ ಯಾರು ಯಾರೆಂದು ಕೈಯಿಂದ ಬೇರ್ಪಡಿಸುತ್ತಾ ಬಂದರು. ಉಳಿದವರಿಗೆ ಅಷ್ಟು ತಾಳ್ಮೆ ಇರಲಿಲ್ಲ. ವೈದ್ಯಕೀಯ ಲೇಖನಗಳ ದೊಡ್ಡ ಸೂಚಿ ಮೆಡ್‌ಲೈನ್ 2002ರವರೆಗೆ ಮನೆತನದ ಹೆಸರು ಮತ್ತು ಇನಿಷಿಯಲ್ ಮಾತ್ರ ಇಡುತ್ತಿತ್ತು. ಯುರೋಪಿನ ಹೆಸರುಗಳಿಗೆ ಇದು ಹೇಗೋ ನಡೆಯಿತು. ಚೀನಾದಲ್ಲಿ ವಾಂಗ್, ಲೀ, ಜಾಂಗ್ ಈ ಮೂರೇ ಮನೆತನದ ಹೆಸರುಗಳು ಜನಸಂಖ್ಯೆಯ ಸುಮಾರು ಐದನೇ ಒಂದು ಭಾಗಕ್ಕೆ ಸಾಕಾಗುತ್ತವೆ. ಕೊರಿಯಾದಲ್ಲಿ ಐವರಲ್ಲಿ ಒಬ್ಬರು ಕಿಮ್. 'ವಾಂಗ್ ವೈ' ಎಂದು ಸೂಚಿಯಲ್ಲಿ ಹುಡುಕಿದರೆ ಯಾವ ವಾಂಗ್, 'ವೈ' ಅಂದರೆ ಏನು?

ಇನಿಷಿಯಲ್ ಬಿಟ್ಟು ಪೂರ್ತಿ ಹೆಸರು ಬರೆದರೂ ಪೂರ್ತಿ ಬಗೆಹರಿಯುವುದಿಲ್ಲ. ಚೀನೀ ಲಿಪಿಯಲ್ಲಿ ಬೇರೆ ಬೇರೆ ಅಕ್ಷರ, ಬೇರೆ ಸ್ವರ ಇರುವ ಹೆಸರುಗಳು ರೋಮನ್ ಲಿಪಿಗೆ ಬಂದಾಗ ಒಂದೇ 'ವೇ ವಾಂಗ್' ಆಗಿಬಿಡುತ್ತವೆ. 2007ರ ಕೊನೆಗೆ ಅಮೆರಿಕನ್ ಫಿಸಿಕಲ್ ಸೊಸೈಟಿಯ ಪತ್ರಿಕೆಗಳು ಒಂದು ದಾರಿ ಮಾಡಿದವು. ಚೀನೀ, ಜಪಾನೀ, ಕೊರಿಯನ್ ಲೇಖಕರು ಬೇಕಿದ್ದರೆ ತಮ್ಮ ಲಿಪಿಯಲ್ಲೂ ಹೆಸರು ಹಾಕಿಕೊಳ್ಳಬಹುದು ಎಂದವು. ಒಳ್ಳೆಯ ಕೆಲಸ. ಆದರೆ ಆ ದಿನಗಳ ಚರ್ಚೆಯಲ್ಲಿ ಸಮಸ್ಯೆ ಏಷ್ಯಾದವರ ಹೆಸರಿನಲ್ಲಿದೆ ಅನ್ನುವ ಧಾಟಿ ಇರುತ್ತಿತ್ತು. ಹೆಸರು ಮನೆಯಲ್ಲಿ ಸರಿಯಾಗಿಯೇ ಇತ್ತು. ಪಟ್ಟಿಗೆ ಸೇರಿಸುವಾಗ ಅದರ ಕೈಕಾಲು ಕತ್ತರಿಸಲಾಯಿತು.

ಇದು ಸುಮ್ನೆ ಪಂಡಿತರ ಚಿಂತೆಯಲ್ಲ. ಯಾರ ಲೇಖನವನ್ನು ಎಷ್ಟು ಜನ ಉಲ್ಲೇಖಿಸಿದರು ಅನ್ನುವುದರ ಮೇಲೆ ಕೆಲಸ, ಬಡ್ತಿ, ಸಂಶೋಧನೆಯ ಹಣ ನಿಂತಿರುತ್ತದೆ. ನಿಮ್ಮ ಲೇಖನ ಇನ್ನೊಬ್ಬರ ಖಾತೆಗೆ ಹೋದರೆ ನಿಮಗೆ ನಷ್ಟ. ಅವರ ಕೆಟ್ಟ ಲೇಖನ ನಿಮ್ಮ ಖಾತೆಗೆ ಬಂದರೆ ಇನ್ನೂ ಜಾಸ್ತಿ ನಷ್ಟ. ಕಂಪ್ಯೂಟರ್ ಊಹಿಸಲು ನೋಡಿತು. ಜೊತೆ ಲೇಖಕರು ಯಾರು, ಸಂಸ್ಥೆ ಯಾವುದು, ವಿಷಯ ಯಾವುದು ಎಂದು ನೋಡಿ ಗುಂಪು ಮಾಡುವುದು. ಊರು, ವಿಷಯ ಎರಡನ್ನೂ ಬದಲಿಸಿದ ಸಂಶೋಧಕಿ ಇಬ್ಬರಾಗಿಬಿಡುತ್ತಿದ್ದಳು. ಮದುವೆಯಾಗಿ ಹೆಸರು ಬದಲಿಸಿದ್ದರಂತೂ ಮುಗಿದೇ ಹೋಯಿತು.

2012ರಲ್ಲಿ ಎಲ್ಲರೂ ಒಟ್ಟಿಗೆ ಸಂಖ್ಯೆಯ ಕಡೆ ತಿರುಗಿದಂತೆ ಕಾಣುತ್ತದೆ. ಲೇಖಕರು, ಕಲಾವಿದರಿಗೆ 16 ಅಂಕಿಯ ಐಎಸ್‌ಎನ್‌ಐ ಎಂಬ ಗುರುತಿನ ಸಂಖ್ಯೆ ಅಂತರರಾಷ್ಟ್ರೀಯ ಮಾನದಂಡವಾಗಿ ಬಂದದ್ದು ಆ ವರ್ಷ. ಸಂಶೋಧಕರಿಗೆ ಆರ್ಕಿಡ್ ಸಂಖ್ಯೆ ಶುರುವಾದದ್ದು ಅದೇ ಅಕ್ಟೋಬರ್‌ನಲ್ಲಿ. ಅದೇ ತಿಂಗಳು ವಿಕಿಪೀಡಿಯಾ ಬಳಗದ ಮಾಹಿತಿ ಕೋಶ ವಿಕಿಡೇಟಾ ಬಂತು. ಅಲ್ಲಿ ಪ್ರತಿ ವ್ಯಕ್ತಿಗೂ 'ಕ್ಯೂ' ಅಕ್ಷರದ ಮುಂದೆ ಒಂದು ಸಂಖ್ಯೆ. ಆರ್ಕಿಡ್ ಸಂಖ್ಯೆಯನ್ನು ಸಂಶೋಧಕರು ತಾವೇ ಪಡೆಯಬೇಕು. ಹೆಸರು ಬದಲಾದರೂ ಅದು ಬದಲಾಗದು, ಇದು ದೊಡ್ಡ ಅನುಕೂಲ. ಆದರೆ ಸತ್ತವರು ಹೋಗಿ ನೋಂದಾಯಿಸಿಕೊಳ್ಳುವುದಿಲ್ಲ. ಮರೆತು ಎರಡು ಸಲ ನೋಂದಾಯಿಸಿ ಎರಡು ಸಂಖ್ಯೆ ಪಡೆದವರೂ ಇರುತ್ತಾರೆ. ಮತ್ತೆ ಆರ್ಯಭಟನ ಕಥೆ!

ಸಂಖ್ಯೆ ಯಂತ್ರಕ್ಕೆ ಸಾಕು. ಮನುಷ್ಯರು ಹುಡುಕುವುದು ಹೆಸರಿನಲ್ಲೇ. ಮತಯಂತ್ರದ ಮುಂದೆ ಇದು ಚೆನ್ನಾಗಿ ಕಾಣುತ್ತದೆ. 2014ರ ಲೋಕಸಭಾ ಚುನಾವಣೆಯಲ್ಲಿ ಛತ್ತೀಸಗಢದ ಮಹಾಸಮುಂದ್‌ನಲ್ಲಿ ಚಂದೂಲಾಲ್ ಸಾಹು ಅಥವಾ ಚಂದೂರಾಮ್ ಸಾಹು ಎಂಬ ಹೆಸರಿನ 11 ಮಂದಿ ಕಣದಲ್ಲಿದ್ದರು. ಗೆದ್ದದ್ದು ಅವರಲ್ಲೇ ಒಬ್ಬರು, 1,217 ಮತಗಳಿಂದ. ಮರುವರ್ಷದಿಂದ ಮತಪತ್ರದಲ್ಲಿ ಅಭ್ಯರ್ಥಿಯ ಫೋಟೊ ಬಂತು. ಫೋಟೊ ಬಂದರೆ ಮುಗಿಯಿತೇ? 2021ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಒಂದು ಕ್ಷೇತ್ರದಲ್ಲಿ ಮೂವರು ಬೋರಿಸ್ ವಿಷ್ನೆವ್‌ಸ್ಕಿ ನಿಂತಿದ್ದರು. ಇಬ್ಬರು ಹೆಸರು ಬದಲಿಸಿಕೊಂಡು ಬಂದವರು. ಪೋಸ್ಟರ್‌ನಲ್ಲಿ ಮೂವರಿಗೂ ಒಂದೇ ಥರ ಗಡ್ಡ. ಹಾಗಂತ ಒಂದೇ ಹೆಸರಿನವರು ಸ್ಪರ್ಧಿಸಬಾರದು ಅನ್ನಲಾದೀತೇ? 2024ರಲ್ಲಿ ಅಂಥ ಅರ್ಜಿಯನ್ನು ಭಾರತದ ಸುಪ್ರೀಂ ಕೋರ್ಟ್ ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ತಂದೆತಾಯಿ ಇಟ್ಟ ಹೆಸರು ಸ್ಪರ್ಧಿಸುವ ಹಕ್ಕಿಗೆ ಅಡ್ಡ ಬರಬೇಕೇ ಎಂದು ಕೇಳಿತು. ಸರಿಯಾದ ಪ್ರಶ್ನೆಯೇ.

ವಿಮಾನ ನಿಲ್ದಾಣದಲ್ಲಿ ಹೆಸರು ಮಾತ್ರ ನೋಡಿದ ಕಾಲವೂ ಇತ್ತು. 2004ರಲ್ಲಿ ಅಮೆರಿಕದ ಸೆನೆಟರ್ ಎಡ್ವರ್ಡ್ ಕೆನಡಿಯವರನ್ನೇ ಹಲವು ಸಲ ತಡೆದರು, ನಿಗಾ ಪಟ್ಟಿಯಲ್ಲಿ ಅಂಥದೇ ಹೆಸರು ಇತ್ತು. ಅವರಷ್ಟು ದೊಡ್ಡವರಿಗೇ ಅದನ್ನು ಸರಿಪಡಿಸಿಕೊಳ್ಳಲು ವಾರಗಳು ಹಿಡಿದವು. ಮುಂದೆ ಹುಟ್ಟಿದ ದಿನಾಂಕವನ್ನೂ ಕೇಳತೊಡಗಿದರು. ಗ್ರಂಥಾಲಯದವರು ಬಹಳ ಹಿಂದೆಯೇ ಮಾಡಿದ್ದ ಕೆಲಸ.

ಸರ್ಚ್ ಎಂಜಿನ್‌ಗಳು ಈಗ ಹೆಸರಿನ ಪಕ್ಕ ಚಿತ್ರ, ಹುಟ್ಟಿದ ದಿನ, ಉದ್ಯೋಗ ಎಲ್ಲ ಸೇರಿಸಿ ಒಂದು ಚೌಕಟ್ಟು ತೋರಿಸುತ್ತವೆ. ಬೇರೆ ಬೇರೆ ಕಡೆಯಿಂದ ಆರಿಸಿ ತಂದದ್ದು. ನೋಡಿದವರು ಅದನ್ನು ಪರಿಶೀಲಿಸಿದ ಮಾಹಿತಿ ಅಂದುಕೊಳ್ಳುತ್ತಾರೆ. 2021ರಲ್ಲಿ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ತಮ್ಮ ಹೆಸರನ್ನು ಹುಡುಕಿದಾಗ ಅವರದೇ ಫೋಟೊ ಬಂತು. ಕೆಳಗಿದ್ದ ವಿವರ ಮಾತ್ರ ಅದೇ ಹೆಸರಿನ, ಎಂದೋ ಸತ್ತ ಸರಣಿ ಕೊಲೆಗಾರನದು. ಅವರು ಅದರ ಬಗ್ಗೆ ಬರೆದರು, ಬಹಳ ಜನ ಓದಿದರು, ಚೌಕಟ್ಟು ಸರಿಹೋಯಿತು. ಅಷ್ಟು ಓದುಗರು ಸಿಗದವರು ತಪ್ಪು ತಿಳಿಸುವ ಗುಂಡಿ ಒತ್ತಿ ಕಾಯಬೇಕು. ನಾನು ಅವನಲ್ಲ ಎಂದು ತೋರಿಸಲು ಗುರುತಿನ ಚೀಟಿ ಕಳಿಸಿದರೆ ಅದರಲ್ಲಿರುವುದೂ ಅದೇ ಹೆಸರು.