ಕಾಗೆ ಸಾಕಿದ ಕೋಗಿಲೆಗೆ ‘ಕುಹೂ’ ಕಲಿಸಿದವರು ಯಾರು?

ಪ್ರಶ್ನೆ: ಕಾಗೆಯ ಗೂಡಿನಲ್ಲಿ ಮೊಟ್ಟೆಯೊಡೆದು, ಕಾಗೆ ಕೊಟ್ಟ ಗುಟುಕು ತಿಂದು, ಹಗಲಿಡೀ ‘ಕಾ ಕಾ’ ಕೇಳಿ ಬೆಳೆದ ಕೋಗಿಲೆ ದೊಡ್ಡದಾದ ಮೇಲೆ ‘ಕುಹೂ’ ಎನ್ನುತ್ತದೆ. ಹಾಗಾದರೆ ಪ್ರಾಣಿಗಳ ನಡವಳಿಕೆಯೆಲ್ಲ ಹುಟ್ಟಿನಿಂದಲೇ ಬರುತ್ತದೆಯೇ? ಕಲಿಕೆಗೂ ಪಾಲಿದ್ದರೆ ಅದು ನೂರಕ್ಕೆ ಎಷ್ಟು?

ಉತ್ತರ: ಕೋಗಿಲೆಯ ದನಿಯ ಮಟ್ಟಿಗೆ ನಿಮ್ಮ ಊಹೆ ಹೆಚ್ಚುಕಡಿಮೆ ಸರಿ. ಕೇಳಿ ಕಲಿತು ದನಿ ತೆಗೆಯುವ ಹಕ್ಕಿಗಳಲ್ಲಿ ಮುಖ್ಯವಾದವು ಮೂರು ಗುಂಪು: ಹಾಡುಹಕ್ಕಿಗಳು, ಗಿಳಿಗಳು, ಹಮ್ಮಿಂಗ್‌ಬರ್ಡ್‌ಗಳು. ಕೋಗಿಲೆಯ ಕುಟುಂಬ ಇವುಗಳಲ್ಲಿಲ್ಲ. ತಮಾಷೆಯೆಂದರೆ, ಪಕ್ಷಿಶಾಸ್ತ್ರದ ಲೆಕ್ಕದಲ್ಲಿ ‘ಹಾಡುಹಕ್ಕಿ’ಯ ಪಟ್ಟ ಸಿಕ್ಕಿರುವುದು ಕಾಗೆಗೆ! ಇನ್ನು ‘ಕುಹೂ’ ಎನ್ನುವುದು ಗಂಡು ಕೋಗಿಲೆ. ಅದೇ ಬಗೆಯ ಗೂಡಿನಲ್ಲಿ ಅದೇ ಗುಟುಕು ತಿಂದು ಬೆಳೆದ ಹೆಣ್ಣು ‘ಕಿಕ್ ಕಿಕ್’ ಎಂದು ಕೂಗುತ್ತದೆ.

ಆದರೆ ಇದನ್ನೇ ಹಿಡಿದುಕೊಂಡು ‘ಪರರ ಗೂಡಲ್ಲಿ ಬೆಳೆಯುವ ಹಕ್ಕಿ ಪರರಿಂದ ಕಲಿತರೆ ಅದರ ವಂಶ ಉಳಿದೀತೆ’ ಎಂದು ವಾದಿಸಲು ಹೊರಟರೆ ಆಫ್ರಿಕದ ಇಂಡಿಗೊ ಹಕ್ಕಿ ಅಡ್ಡ ಬರುತ್ತದೆ. ಅದೂ ಮೊಟ್ಟೆಯಿಡುವುದು ಫೈರ್‌ಫಿಂಚ್ ಎಂಬ ಪುಟ್ಟ ಹಕ್ಕಿಯ ಗೂಡಿನಲ್ಲಿ. ಗಂಡುಮರಿ ಸಾಕುತಂದೆಯ ಹಾಡನ್ನೇ ಕಲಿತು ಹಾಡುತ್ತದೆ. ತಾನು ಬೆಳೆದ ಮನೆಯ ಹಾಡನ್ನು ಹಾಡುವ ಗಂಡನ್ನೇ ಹೆಣ್ಣು ಆರಿಸಿಕೊಳ್ಳುತ್ತದೆ. ಪಂಜರದ ಹಕ್ಕಿಯಾದ ಬೆಂಗಾಲೀಸ್ ಫಿಂಚ್‌ನ ಕೈಗೆ ಇವುಗಳ ಮರಿಗಳನ್ನು ಒಪ್ಪಿಸಿ ರಾಬರ್ಟ್ ಪೇನ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ, ಗಂಡುಗಳು ಬೆಂಗಾಲೀಸ್ ಫಿಂಚ್‌ನ ಹಾಡು ಕಲಿತವು, ಹೆಣ್ಣುಗಳಿಗೂ ಅದೇ ಹಾಡು ಹಿಡಿಸಿತು. ಬದುಕುವ ಉಪಾಯ ಒಂದೇ, ದನಿ ಬರುವ ದಾರಿ ಮಾತ್ರ ತದ್ವಿರುದ್ಧ. ಹಾಗಾಗಿ ಒಂದು ಹಕ್ಕಿಯನ್ನು ನೋಡಿ ಇಡೀ ಪ್ರಾಣಿಲೋಕದ ಬಗ್ಗೆ ತೀರ್ಪು ಕೊಡುವುದು ಬೇಡ.

ಹಾಡಿನ ಕಲಿಕೆಯಲ್ಲಿ ಜೀನ್ ಎಲ್ಲಿ ಕೆಲಸ ಮಾಡುತ್ತದೆ, ಅನುಭವ ಎಲ್ಲಿ ಎನ್ನುವುದನ್ನು ಬಿಡಿಸಿ ತೋರಿಸಿದವರಲ್ಲಿ ಪೀಟರ್ ಮಾರ್ಲರ್ ಪ್ರಮುಖರು. ಅವರು ಆರಿಸಿಕೊಂಡದ್ದು ಕ್ಯಾಲಿಫೋರ್ನಿಯಾದ ಬಿಳಿನೆತ್ತಿ ಗುಬ್ಬಿಯನ್ನು. ಕೆಲವೇ ಕಿಲೋಮೀಟರ್ ಆಚೆ ಹೋದರೆ ಇದರ ಹಾಡಿನ ಧಾಟಿ ಬೇರೆ. ಮರಿಯನ್ನು ಗೂಡಿನಿಂದ ತಂದು ಯಾವ ಹಾಡೂ ಕಿವಿಗೆ ಬೀಳದಂತೆ ಒಂಟಿಯಾಗಿ ಸಾಕಿದರೆ, ದೊಡ್ಡದಾದಾಗ ಅದು ಹಾಡುವುದೇನೋ ಹಾಡುತ್ತದೆ, ಆದರೆ ಅಂಕುಡೊಂಕಾಗಿ. ಸುಮಾರು 10ರಿಂದ 50 ದಿನಗಳ ವಯಸ್ಸಿನಲ್ಲಿ ತನ್ನ ಜಾತಿಯ ಹಾಡಿನ ಧ್ವನಿಮುದ್ರಣ ಕೇಳಿಸಿದರೆ ಮುಂದೆ ಆ ಧಾಟಿಯಲ್ಲೇ ಹಾಡುತ್ತದೆ. ಗಮನಿಸಿ, ಮರಿ ಆಗ ಬಾಯಿಬಿಟ್ಟು ಹಾಡುತ್ತಿರುವುದಿಲ್ಲ. ಕೇಳಿದ್ದನ್ನು ಹಾಡಿ ನೋಡುವುದು ತಿಂಗಳುಗಟ್ಟಲೆ ಕಳೆದ ಮೇಲೆ, ಆ ಧ್ವನಿ ಎಂದೋ ನಿಂತುಹೋದ ಮೇಲೆ. ಬೇರೆ ಜಾತಿಯ ಗುಬ್ಬಿಯ ಹಾಡನ್ನೂ ಜೊತೆಗೆ ಕೇಳಿಸಿದರೆ ಮರಿ ತನ್ನ ಜಾತಿಯದನ್ನೇ ಹೆಕ್ಕಿಕೊಳ್ಳುತ್ತದೆ. ಹಾಡನ್ನು ಕೇಳಿ, ಅಭ್ಯಾಸ ಶುರುವಾಗುವ ಮೊದಲೇ ಕಿವುಡಾದರೆ? ಹಾಡು ಪೂರಾ ಕೆಡುತ್ತದೆ ಎಂದು ಮಸಕಾಝು ಕೊನಿಶಿ 1965ರಲ್ಲಿ ತೋರಿಸಿದರು. ನೆನಪಿನಲ್ಲಿರುವ ಹಾಡಿಗೆ ತನ್ನ ದನಿಯನ್ನು ತಾಳೆ ನೋಡಲು ಗುಬ್ಬಿಗೆ ತನ್ನದೇ ಕಿವಿ ಬೇಕು.

ಅಂದರೆ ಇಲ್ಲಿ ಹಾಡು ಕಲಿತದ್ದು, ಏನನ್ನು ಯಾವಾಗ ಕಲಿಯಬೇಕೆಂಬ ಒಲವು ಹುಟ್ಟಿನಿಂದ ಬಂದದ್ದು. ಅದೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ. 1984ರಲ್ಲಿ ಬ್ಯಾಪ್ಟಿಸ್ಟಾ ಮತ್ತು ಪೆಟ್ರಿನೊವಿಚ್ ಧ್ವನಿಮುದ್ರಣದ ಬದಲು ಜೀವಂತ ಹಕ್ಕಿಯನ್ನೇ ಗುರುವಾಗಿ ಇಟ್ಟಾಗ, 50 ದಿನ ದಾಟಿದ ಗುಬ್ಬಿಗಳೂ ಕಲಿತವು, ಅದೂ ಬೇರೆ ಜಾತಿಯ ಹಾಡನ್ನು.

ಹುಟ್ಟುಗುಣ ಎಂದು ನಾವು ಕಣ್ಣುಮುಚ್ಚಿ ಒಪ್ಪಿಕೊಳ್ಳುವ ಕಡೆಯೂ ಅನುಭವ ಅಡಗಿ ಕೂತಿರಬಹುದು. ಮಲ್ಲಾರ್ಡ್ ಬಾತುವಿನ ಮೊಟ್ಟೆಯನ್ನು ತಾಯಿಯಿಲ್ಲದೆ ಯಂತ್ರದಲ್ಲಿ ಕಾವುಕೊಟ್ಟು ಒಡೆಸಿದರೂ, ಮರಿ ಎಂದೂ ಕೇಳದ ತಾಯಿಬಾತುವಿನ ಕರೆಗೆ ಓಡುತ್ತದೆ, ಕೋಳಿಯ ಕರೆಗಲ್ಲ. ಇದಕ್ಕಿಂತ ಅಪ್ಪಟ ಹುಟ್ಟುಗುಣ ಬೇರೆ ಬೇಕೆ? ಗಿಲ್ಬರ್ಟ್ ಗಾಟ್ಲೀಬ್ ಅವರಿಗೆ ಮಾತ್ರ ಸಮಾಧಾನವಾಗಲಿಲ್ಲ. ಮೊಟ್ಟೆಯೊಡೆಯುವ ಎರಡು ಮೂರು ದಿನ ಮೊದಲಿನಿಂದಲೇ ಮರಿ ಚಿಪ್ಪಿನೊಳಗೆ ಚೀಂಗುಟ್ಟುತ್ತಿರುತ್ತದೆ. ಆ ದನಿ ಹೊರಡದಂತೆ ಅವರು ಮಾಡಿದರು, ಜೊತೆಯ ಮರಿಗಳ ದನಿಯೂ ಕೇಳದಂತೆ ನೋಡಿಕೊಂಡರು. ಹೊರಬಂದ ಮರಿಗಳಿಗೆ ತಾಯಿಬಾತುವಿನ ಕರೆಗೂ ಕೋಳಿಯ ಕರೆಗೂ ವ್ಯತ್ಯಾಸವೇ ಹತ್ತಲಿಲ್ಲ. ತಾಯಿಯನ್ನು ಗುರುತಿಸುವ ಕಿವಿ ಪಳಗಿದ್ದು ಮರಿಯ ಸ್ವಂತ ಚೀಂಗುಟ್ಟುವಿಕೆಯಿಂದ! ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಪ್ರಯೋಗ ಇದೇ.

ಅತ್ತ ಕಲಿಕೆ ಎಂದುಕೊಂಡ ಕಡೆ ಹುಟ್ಟಿನ ಒಲವು ಇಣುಕುತ್ತದೆ. ಪ್ರಯೋಗಶಾಲೆಯಲ್ಲೇ ಹುಟ್ಟಿದ ರೀಸಸ್ ಕೋತಿಗಳಿಗೆ ಹಾವಿನ ಭಯವಿಲ್ಲ. ಬೇರೊಂದು ಕೋತಿ ಹಾವಿಗೆ ಬೆದರುವುದನ್ನು ವಿಡಿಯೊದಲ್ಲಿ ನೋಡಿದರೆ ಸಾಕು, ಬೇಗನೆ ಹೆದರಲು ಕಲಿಯುತ್ತವೆ. 1980ರ ದಶಕದಲ್ಲಿ ಸೂಸನ್ ಮಿನೆಕಾ ಮತ್ತು ಮೈಕೆಲ್ ಕುಕ್ ಅಂಥ ವಿಡಿಯೊದಲ್ಲಿ ಹಾವಿನ ಜಾಗಕ್ಕೆ ಹೂ ಕೂರಿಸಿದರು. ತೆರೆಯ ಮೇಲಿನ ಕೋತಿ ಹೂ ಕಂಡು ಅಷ್ಟೇ ಕಿರುಚಿದರೂ ನೋಡಿದ ಕೋತಿಗಳಿಗೆ ಹೂವಿನ ಭಯ ಹುಟ್ಟಲಿಲ್ಲ.

ಅನುಭವ ಜೀನ್‌ವರೆಗೂ ಇಳಿಯುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಇಳಿಯುತ್ತದೆ. ಜೀನ್‌ಗಳು ಹುಟ್ಟುವಾಗ ಒಮ್ಮೆ ಅಪ್ಪಣೆ ಕೊಟ್ಟು ಸುಮ್ಮನಾಗುವುದಿಲ್ಲ. ಜೀವಕೋಶದಲ್ಲಿ ಬೇಕಾದಂತೆ ಚಾಲೂ ಆಗುತ್ತವೆ, ತಗ್ಗುತ್ತವೆ. ಹೆಣ್ಣಿಲಿಗಳಲ್ಲಿ ಕೆಲವು ಮರಿಗಳನ್ನು ಹೆಚ್ಚು ನೆಕ್ಕುತ್ತವೆ, ಕೆಲವು ಕಡಿಮೆ. ಮೊದಲ ವಾರ ಹೆಚ್ಚು ನೆಕ್ಕಿಸಿಕೊಂಡ ಮರಿಗಳು ದೊಡ್ಡವಾದಾಗ ಗಾಬರಿ ಕಡಿಮೆ. ತಾಯಿಯ ಜೀನ್ ಮರಿಗೂ ಬಂದಿರಬಹುದಲ್ಲ ಎಂಬ ಅನುಮಾನ ಸಹಜ. ಅದಕ್ಕೇ ಮರಿಗಳನ್ನು ತಾಯಂದಿರ ನಡುವೆ ಅದಲುಬದಲು ಮಾಡಿ ನೋಡಿದರು. ಮರಿಯ ಗುಣ ಹೆತ್ತವಳಿಗಿಂತ ಸಾಕಿದವಳನ್ನು ಹೋಲಿತು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮೈಕೆಲ್ ಮೀನಿ ಅವರ ತಂಡ 2004ರಲ್ಲಿ ಇದರ ಗುರುತನ್ನು ಮಿದುಳಿನಲ್ಲೇ ಪತ್ತೆಹಚ್ಚಿತು. ಒತ್ತಡದ ಹಾರ್ಮೋನನ್ನು ಗ್ರಹಿಸುವ ಗ್ರಾಹಕದ ಜೀನ್ ಮೇಲೆ ಅಂಟಿ ಅದರ ಕೆಲಸ ತಗ್ಗಿಸುವ ಮೀಥೈಲ್ ಗುಂಪುಗಳೆಂಬ ಪುಟ್ಟ ರಾಸಾಯನಿಕ ಗುರುತುಗಳು, ಕಡಿಮೆ ನೆಕ್ಕಿಸಿಕೊಂಡ ಮರಿಗಳಲ್ಲಿ ಹೆಚ್ಚಿದ್ದವು. ಜೀನ್‌ನ ಅಕ್ಷರ ಬದಲಾಗಿರಲಿಲ್ಲ, ಅದು ಕೆಲಸ ಮಾಡುವ ಪ್ರಮಾಣ ಬದಲಾಗಿತ್ತು. (ಇದು ಇಲಿಗಳ ಕಥೆ. ಮನುಷ್ಯರ ಮೇಲೆ ಹಾಗೇ ಅಂಟಿಸುವ ಅವಸರ ಬೇಡ.)

ಇನ್ನು ನಿಮ್ಮ ‘ನೂರಕ್ಕೆ ಎಷ್ಟು’. ಒಂದು ಪ್ರಾಣಿಯ ಒಂದು ನಡವಳಿಕೆಯನ್ನು ಎದುರಿಗಿಟ್ಟುಕೊಂಡು ಈ ಪ್ರಶ್ನೆಗೆ ಉತ್ತರವಿಲ್ಲ. ಬಾತುಮರಿಯಲ್ಲಿ ಎಷ್ಟು ಜೀನ್, ಎಷ್ಟು ಚೀಂಗುಟ್ಟುವಿಕೆ ಎಂದು ಹೇಗೆ ತೂಗುವುದು? ಒಂದು ಗುಂಪಿನೊಳಗಿನ ವ್ಯತ್ಯಾಸಗಳಲ್ಲಿ ಜೀನ್‌ನ ಪಾಲೆಷ್ಟು ಎಂದು ಕೇಳಿದರೆ ಅಂಕಿ ಸಿಗುತ್ತದೆ, ಆದರೆ ಆ ಅಂಕಿ ಪರಿಸರದ ಜೊತೆ ಬದಲಾಗುತ್ತದೆ. ಗೋಜಲು ಹಾದಿಯಲ್ಲಿ ದಾರಿ ಹುಡುಕುವುದರಲ್ಲಿ ಚುರುಕಾದ ಇಲಿಗಳ ಒಂದು ತಳಿ, ಮಂದವಾದವುಗಳ ಇನ್ನೊಂದು ತಳಿ, ತಲೆಮಾರುಗಳ ಆಯ್ಕೆಯಿಂದ ಬೆಳೆಸಿದ್ದವು. 1958ರಲ್ಲಿ ಕೆನಡಾದ ಕೂಪರ್ ಮತ್ತು ಝೂಬೆಕ್ ಎರಡನ್ನೂ ಮೂರು ಬಗೆಯ ಪಂಜರಗಳಲ್ಲಿ ಸಾಕಿದರು. ಮಾಮೂಲಿ ಪಂಜರದಲ್ಲಿ ಚುರುಕಿನ ತಳಿ ಬಹಳ ಮುಂದಿತ್ತು. ಆಟಿಕೆ, ಏಣಿ, ಸುರಂಗ ತುಂಬಿದ ಪಂಜರದಲ್ಲಿ ಬೆಳೆದಾಗ ಮಂದ ತಳಿಯೂ ಹೆಚ್ಚುಕಡಿಮೆ ಅದರ ಸಮಕ್ಕೆ ಬಂತು; ಏನೂ ಇಲ್ಲದ ಬೋಳು ಪಂಜರದಲ್ಲಿ ಚುರುಕಿನ ತಳಿಯೂ ಮಂದ ತಳಿಯಷ್ಟೇ ತಪ್ಪಿತು. ಜೀನ್‌ಗಳು ಮೂರೂ ಕಡೆ ಅವೇ. ಮಾಮೂಲಿ ಪಂಜರವನ್ನಷ್ಟೇ ನೋಡಿದವರು ಇದು ಬಹುಪಾಲು ವಂಶಗುಣ ಎಂದು ಬರೆದಿಡುತ್ತಿದ್ದರು, ಉಳಿದೆರಡರಲ್ಲಿ ಒಂದನ್ನಷ್ಟೇ ನೋಡಿದವರಿಗೆ ಆ ಎರಡು ತಳಿಗಳ ನಡುವೆ ವ್ಯತ್ಯಾಸವಿದೆ ಎಂಬುದೇ ಗೊತ್ತಾಗುತ್ತಿರಲಿಲ್ಲ.