ದಾರಿ ಎಷ್ಟು ಅಗಲ ಇದೆ, ಮಾರಾಯ್ರೇ?

"3 ಟನ್ ಮಷೀನು. ಟನ್‌ಗೆ ಎಷ್ಟು ತಗೋತೀರಿ?"

ಭಾರದ ಮಷೀನುಗಳನ್ನು ಎತ್ತಿ, ಸಾಗಿಸಿ, ಕೂರಿಸುವುದು ನನ್ನ ಕೆಲಸ. ವಾರಕ್ಕೆ ನಾಲ್ಕು ಸಲವಾದರೂ ಈ ಫೋನು ಬರುತ್ತದೆ. ಕೇಳುವವರಲ್ಲಿ ಮುಕ್ಕಾಲು ಪಾಲು ಅಡಿಕೆ ಬೆಳೆಗಾರರ ಮನೆಯವರೇ. ಅಡಿಕೆ ಯಾವ ಬಗೆಯದು, ರಾಶಿಯೋ ಬೆಟ್ಟೆಯೋ ಸರಕೋ ಅಂತ ಚೀಲ ಬಿಚ್ಚಿ ನೋಡದೆ ಮಂಡಿಯಲ್ಲಿ ಯಾರೂ ಕ್ವಿಂಟಲ್ ರೇಟು ಹೇಳುವುದಿಲ್ಲ ಅನ್ನುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ನಾನು ಮಾತ್ರ ಫೋನಿನಲ್ಲೇ ರೇಟು ಹೇಳಬೇಕು.

ಹೋದ ವರ್ಷದ ಎರಡು ಕೆಲಸ ಹೇಳುತ್ತೇನೆ. ಮೊದಲನೆಯದು ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ. 8 ಟನ್ ತೂಕದ ಲೇತ್ ಮಷೀನನ್ನು ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಹಾಕಬೇಕಿತ್ತು. ಗಟ್ಟಿ ಕಾಂಕ್ರೀಟ್ ನೆಲ, ಲಾರಿ ಒಳಗೇ ಬರುವಷ್ಟು ದೊಡ್ಡ ಶಟರು. ಬೆಳಗ್ಗೆ ಒಂಬತ್ತಕ್ಕೆ ಹೈಡ್ರಾ ಬಂತು, ಅಂದರೆ ಭಾರ ಎತ್ತಿಕೊಂಡೇ ಓಡಾಡುವ ಕ್ರೇನು. ಮಧ್ಯಾಹ್ನದ ಊಟದ ಹೊತ್ತಿಗೆ ನಾವು ಹಗ್ಗ ಸುತ್ತಿ ಇಟ್ಟಾಗಿತ್ತು.

ಎರಡನೆಯದು ತೀರ್ಥಹಳ್ಳಿ ಕಡೆಯ ಒಂದು ಕಲ್ಯಾಣ ಮಂಟಪ. ಬರೀ 2 ಟನ್ ಚಿಲ್ಲರೆಯ ಜನರೇಟರ್. ಆಷಾಢದಲ್ಲಿ ಮದುವೆ ಇರುವುದಿಲ್ಲ, ಹಾಗಾಗಿ ಮಂಟಪದವರ ರಿಪೇರಿ ಕೆಲಸವೆಲ್ಲ ಆಷಾಢಕ್ಕೇ. ಮಲೆನಾಡಿನ ಆಷಾಢ ಅಂದರೆ ಮಳೆ ಹೇಗಿರುತ್ತದೆ ಅಂತ ಬೇರೆ ಹೇಳಬೇಕೇ? ಅಲ್ಲಿ ನಮಗೆ ಮೂರು ದಿನ ಹಿಡಿಯಿತು. ಬಿಲ್ಲು ಲೇತಿನದ್ದಕ್ಕಿಂತ ಎರಡೂವರೆ ಪಟ್ಟು ಬಂತು. ಮಾಲೀಕರು ಬಿಲ್ಲು ನೋಡಿ, "ಎಂತದಿದು ಮಾರಾಯ್ರೇ, ಚಿನ್ನ ಹೊತ್ತು ತಂದ್ರಾ?" ಅಂದರು.

ಹೊತ್ತದ್ದು ಜನರೇಟರನ್ನೇ. ಆದರೆ ರಸ್ತೆಯಿಂದ ಮಂಟಪದ ಹಿಂಭಾಗಕ್ಕೆ 60 ಮೀಟರ್ ಕೆಮ್ಮಣ್ಣಿನ ಇಳಿಜಾರು. ಮಧ್ಯದಲ್ಲೊಂದು ತಿರುವು, ತಿರುವಿನಲ್ಲೊಂದು ಹಲಸಿನ ಮರ. ಹೈಡ್ರಾ ಅಲ್ಲಿಗೆ ಇಳಿಯುವ ಹಾಗಿರಲಿಲ್ಲ. ಮರ ತೆಗೆಸೋಣ ಅಂದರು ಮಾಲೀಕರು. ಅವರ ತಾಯಿ ಬಿಡಲಿಲ್ಲ. ಮರದ ದಿಮ್ಮಿ ಹಾಸಿ, ಪೈಪಿನ ರೋಲರ್ ಮೇಲೆ ಇಳಿಸುವುದು ಅಂತ ತೀರ್ಮಾನವಾಯಿತು.

ಜನಕ್ಕೆ ತಲೆಗೆ ಹೋಗದ ಲೆಕ್ಕ ಇರುವುದು ಇಲ್ಲೇ. 10 ಅಡಿ ಮುಂದೆ ಹೋದರೆ 1 ಅಡಿ ಇಳಿಯುವ ಜಾಗ ಅಂದುಕೊಳ್ಳಿ. ಕಣ್ಣಿಗೆ ಅದು ಇಳಿಜಾರು ಅಂತಲೇ ಕಾಣುವುದಿಲ್ಲ, ದಿನಾ ಓಡಾಡುವವರಿಗಂತೂ ಇಲ್ಲವೇ ಇಲ್ಲ. ಆದರೆ ಅಂಥ ಜಾಗದಲ್ಲಿ ಮಷೀನಿನ ತೂಕದ ಹತ್ತರಲ್ಲಿ ಒಂದು ಪಾಲು ಅದನ್ನು ಕೆಳಕ್ಕೆ ಎಳೆಯುತ್ತದೆ. 2 ಟನ್ನಿಗೆ ಹತ್ತಿರ ಹತ್ತಿರ 200 ಕೆಜಿ. ರೋಲರ್ ಮೇಲೆ ಕೂತ ಮಷೀನನ್ನು ತಡೆಯುವುದು ಏನೂ ಇಲ್ಲ. ಕೈ ಬಿಟ್ಟರೆ ಹೋಯಿತು. ಹತ್ತಿಸುವಾಗ ಕೈ ಸೋತರೆ ಸುಧಾರಿಸಿಕೊಳ್ಳಬಹುದು, ಹಿಂದೆ ಅಡ್ಡ ಕೊಟ್ಟು ಬೀಡಿ ಸೇದಬಹುದು. ಇಳಿಸುವಾಗ ಹಾಗಲ್ಲ. ಮುಂದೆ ಒಬ್ಬನೂ ನಿಲ್ಲಬಾರದು, ಹಿಂದಿನಿಂದ ಚೈನ್ ಬ್ಲಾಕ್ (ಕೈಯಲ್ಲಿ ಚೈನು ಎಳೆದು ಭಾರ ಎತ್ತಿ ಇಳಿಸುವ ರಾಟೆ) ಕಟ್ಟಿ ಗೇಣು ಗೇಣಾಗಿ ಬಿಡಬೇಕು. ಚೈನು ಮುಗಿದಾಗ ಅಡ್ಡ ಕೊಡು, ಬಿಚ್ಚು, ಮತ್ತೆ ಕಟ್ಟು. ಮಳೆಯಲ್ಲಿ ದಿಮ್ಮಿ ಮಣ್ಣಿಗೆ ಹೂತುಹೋದರೆ ಕಿತ್ತು ಮತ್ತೆ ಹಾಸು. ನನ್ನ ಬಿಲ್ಲು ಈ ಗೇಣುಗಳದ್ದು.

ಚೈನ್ ಬ್ಲಾಕ್ ಕಟ್ಟಲು ಗಟ್ಟಿ ಆಸರೆ ಬೇಕಲ್ಲ? ಅದೇ ಹಲಸಿನ ಮರ. ತೊಗಟೆ ಕೆಡದಂತೆ ಗೋಣಿಚೀಲ ಸುತ್ತಿ ಕಟ್ಟಿದೆವು. ಅಜ್ಜಿ ಛತ್ರಿ ಹಿಡಿದು ಬಂದು ನೋಡಿ, "ಕಡಿಸಿದ್ರೆ ಈಗ ಎಲ್ಲಿಗೆ ಕಟ್ತಿದ್ರಿ?" ಅಂತ ಕೇಳಿದರು. ಮೂರು ದಿನವೂ ಕಡುಬು, ಚಟ್ನಿ ಅವರದೇ. ಬಿಲ್ಲಿನಲ್ಲಿ ಅದನ್ನು ಕಳೆಯಬೇಕಿತ್ತೇನೋ.

ಇನ್ನೊಂದು ಮಾತು ಬರುತ್ತದೆ. "14 ಟನ್ ಹೈಡ್ರಾ ನಾವೇ ಕರೆಸ್ತೀವಿ, ನೀವು ಹುಡುಗರನ್ನ ಕಳಿಸಿ ಸಾಕು." ಆ 14 ಟನ್ ಅನ್ನುವುದು ಬೂಮ್, ಅಂದರೆ ಕ್ರೇನಿನ ಉದ್ದ ತೋಳು, ಪೂರ್ತಿ ಒಳಗಿದ್ದು, ಭಾರ ಗಾಡಿಯ ಮೂಗಿನ ಹತ್ತಿರವೇ ಇದ್ದಾಗಿನ ಲೆಕ್ಕ. ಬೂಮ್ ಚಾಚಿದಷ್ಟೂ ಎತ್ತುವ ತಾಕತ್ತು ಇಳಿಯುತ್ತದೆ. ಕಾಂಪೌಂಡ್ ಆಚೆ ನಿಂತು ಗೋಡೆ ಮೇಲಿಂದ 4 ಟನ್ ಎತ್ತಲು ಹೋದರೆ ಹಿಂದಿನ ಚಕ್ರ ಏಳಬಹುದು. ಯಾವ ದೂರಕ್ಕೆ ಎಷ್ಟು ಅನ್ನುವ ಚಾರ್ಟು ಕ್ರೇನಿಗೆ ಕ್ರೇನಿಗೆ ಬೇರೆ. ನಾನು ಅದನ್ನು ನೋಡದೆ ಹೂಂ ಅನ್ನುವುದಿಲ್ಲ.

ಮಷೀನು ಕೂರಿಸುವ ಕಾಂಕ್ರೀಟ್ ಬೆಡ್ಡಿನದೂ ಇದೇ ಕಥೆ. "ಹೋದ ಭಾನುವಾರ ಕಾಂಕ್ರೀಟ್ ಹಾಕಿಸಿದೀವಿ, ನಾಳೆ ಕೂರಿಸಿ." ಕಾಂಕ್ರೀಟಿಗೆ ಪೂರ್ತಿ ಬಲ ಅಂತ ಲೆಕ್ಕ ಹಿಡಿಯುವುದು 28 ದಿನಕ್ಕೆ. ವಾರಕ್ಕೆ ಬರುವುದು ಸುಮಾರು ಮೂರರಲ್ಲಿ ಎರಡು ಪಾಲು. ಮಷೀನು ನೋಡಿಕೊಂಡು ಕೆಲವೊಮ್ಮೆ ಬೇಗ ಕೂರಿಸಬಹುದು, ನಿಮ್ಮ ಇಂಜಿನಿಯರು ಬರೆದುಕೊಟ್ಟರೆ. ನಾನು ಬಾಯಿಮಾತಿಗೆ ಒಪ್ಪುವುದಿಲ್ಲ.

ಮಂಗಳೂರು ಬಂದರಿನಿಂದ ಮಷೀನು ತರಿಸುವವರಿಗೆ ಆಗುಂಬೆ ಘಾಟಿ ನೆನಪಿಸಬೇಕಾಗುತ್ತದೆ. 14 ತಿರುವು, ಭಾರಿ ಲಾರಿಗೆ ಬಿಡುವುದಿಲ್ಲ. ಸುತ್ತಿಕೊಂಡು ಬರುವ ಡೀಸೆಲ್ ಯಾರದ್ದು ಅಂತ ಮೊದಲೇ ಮಾತಾಡಿಕೊಳ್ಳಿ.

ಹಾಗಾದರೆ ನಾನು ಹೇಗೆ ಲೆಕ್ಕ ಹಾಕುತ್ತೇನೆ? ಜಾಗ ನೋಡಿ, ಎಷ್ಟು ದಿನ, ಎಷ್ಟು ಜನ, ಹೈಡ್ರಾ ಎಷ್ಟು ಗಂಟೆ ಅಂತ ಬರೆಯುತ್ತೇನೆ. ಅದರ ಮೇಲೆ ಮಷೀನು ಬಿದ್ದರೆ ಏನು ಗತಿ ಅನ್ನುವ ಭಯಕ್ಕೂ ಒಂದಿಷ್ಟು ಸೇರಿಸುತ್ತೇನೆ. ವಿಮೆ ನೀವು ಮಾಡಿಸಿದ್ದರೆ ಇದು ಕಮ್ಮಿ. ಕಾಯುವ ಚಾರ್ಜು ಬೇರೆ ಬರೆಯುತ್ತೇನೆ, ಜಗಳ ಆಗುವುದು ಅದಕ್ಕೇ. ಗೋಡೆ ಒಡೆಸಿರುವುದಿಲ್ಲ, ಕರೆಂಟು ತೆಗೆಸಿರುವುದಿಲ್ಲ, ಐದು ಜನ ಸುಮ್ನೆ ಕೂತಿರುತ್ತಾರೆ. ಕೂತವರಿಗೂ ಸಂಬಳ ಕೊಡಬೇಕು. ಇದು ನನ್ನ ಪದ್ಧತಿ, ಬೇರೆಯವರದು ಬೇರೆ ಇರಬಹುದು.

ನಿನ್ನೆ ಹೊಸನಗರ ಕಡೆಯಿಂದ ಒಬ್ಬರು ಫೋನ್ ಮಾಡಿದ್ದರು. ರೈಸ್ ಮಿಲ್ಲಿನ ಮಷೀನು. ದಾರಿಯ ವಿಡಿಯೋ ಕಳಿಸಿ ಅಂದೆ. ಮಷೀನಿನದ್ದೇ ನಾಲ್ಕು ದಿಕ್ಕಿನಿಂದ ತೆಗೆದು ಕಳಿಸಿದರು, ಹಿಂದೆ ಭಕ್ತಿಗೀತೆ ಬೇರೆ. "ಸಾರ್, ದಾರಿ?" ಅಂತ ಕೇಳಿದೆ.

"ದಾರಿ ಚೆನ್ನಾಗಿದೆ ಮಾರಾಯ್ರೇ, ನಾವು ದಿನಾ ಓಡಾಡ್ತೀವಲ್ಲ!"

ಭಾನುವಾರ ಟೇಪು ಹಿಡಿದುಕೊಂಡು ಹೋಗುತ್ತಿದ್ದೇನೆ.